ಮಂಜು ಹಿಡಿದ ಕುದುರೆ ದಳ

ನೆಪೋಲಿಯನ್ನನ ಸೈನ್ಯದಲ್ಲಿ ಹುಸಾರ್ ಎಂಬ ಕುದುರೆ ಸವಾರರಿಗೆ ಜಂಬ ಸ್ವಲ್ಪ ಜಾಸ್ತಿಯೇ ಇತ್ತು. ಎದೆಯ ತುಂಬ ಅಡ್ಡಡ್ಡ ಹೊಲಿದ ಬಿಳಿ ದಾರದ ಪಟ್ಟಿ, ಒಂದು ಹೆಗಲಿಗೆ ಸುಮ್ಮನೆ ನೇತುಹಾಕಿಕೊಂಡ ತುಪ್ಪಳದ ಕೋಟು, ಟೋಪಿಯ ಮೇಲೊಂದು ಗರಿ. ಯುದ್ಧಕ್ಕೆ ಹೊರಟರೋ ಮದುವೆಗೆ ಹೊರಟರೋ ಎಂದು ನೋಡಿದವರಿಗೆ ಅನುಮಾನ ಬರಬೇಕು, ಹಾಗೆ. ಇಂಥವರನ್ನು ಸೀಸದಲ್ಲಿ ಎರಕಹೊಯ್ದು, ಕುದುರೆ ಸಮೇತ ಹೆಬ್ಬೆರಳಿನಷ್ಟೇ ಎತ್ತರಕ್ಕೆ ಇಳಿಸಿ, ಈಗ ಬಣ್ಣ ಬಳಿ ಎಂದು ಕೈಗಿಟ್ಟರೆ ಬಳಿಯುವವರ ಪಾಡು ಏನಾಗಬೇಡ! ಕುದುರೆಯ ಮೈ, ಬಾಲ, ಜೀನು ಹೇಗೋ ಆಗುತ್ತದೆ. ಎದೆಯ ಮೇಲಿನ ಆ ಪಟ್ಟಿಗಳಿವೆಯಲ್ಲ, ಅವು ಜೀವ ತಿನ್ನುತ್ತವೆ. ಕೂದಲಿಗಿಂತ ದಪ್ಪವಾದರೆ ಸವಾರ ಬ್ಯಾಂಡೇಜು ಸುತ್ತಿಕೊಂಡವನಂತೆ ಕಾಣುತ್ತಾನೆ.

ಆದರೆ ಪುಟ್ಟಿಗೆ ಅದು ಎಂದೂ ಕಷ್ಟವೆನಿಸಿರಲಿಲ್ಲ. ಪುಟ್ಟಿ ಎಂದರೆ ಚಿಕ್ಕವಳೇನಲ್ಲ, ಐವತ್ತು ದಾಟಿದವಳು. ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸ. ಕಣ್ಣಿಗೆ ಕಾಣದಷ್ಟು ಸಣ್ಣ ತಿರುಪುಗಳ ಜೊತೆಗೇ ಅರ್ಧ ಆಯುಷ್ಯ ಕಳೆದವಳು. ಅಣ್ಣ ಮಾತ್ರ ಇನ್ನೂ ಪುಟ್ಟಿ ಎಂದೇ ಕರೆಯುತ್ತಾನೆ, ಆದ್ದರಿಂದ ನಾವೂ ಹಾಗೇ ಕರೆಯೋಣ.

ಅಣ್ಣ ವಾರವೆಲ್ಲ ಜನರಿಗೆ ಕಾರು ಓಡಿಸುವುದನ್ನು ಕಲಿಸುತ್ತಾನೆ. ಕ್ಲಚ್ಚು, ಬ್ರೇಕು, ಕನ್ನಡಿ ನೋಡಿ ಸ್ವಾಮಿ ಎಂದು ಕೂಗಿ ಕೂಗಿ ಗಂಟಲು ಕಟ್ಟಿಕೊಂಡು, ಭಾನುವಾರ ಬಂತೆಂದರೆ ಸೇನಾಧಿಪತಿಯಾಗುತ್ತಾನೆ. ಔಷಧಿ ಅಂಗಡಿಯ ಗೆಳೆಯನ ಮನೆಯಲ್ಲಿ ಊಟದ ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ, ಅಡಿಯಲ್ಲಿ ಪುಸ್ತಕಗಳನ್ನು ತುರುಕಿ ಗುಡ್ಡ ಎಬ್ಬಿಸಿ, ಅಳತೆ ಟೇಪು ಹಿಡಿದು ಕುದುರೆಗಳನ್ನು ಮುಂದೆ ಸರಿಸಿ, ದಾಳ ಉರುಳಿಸಿ ಇಬ್ಬರೂ ಸಂಜೆಯವರೆಗೆ ಯುದ್ಧ ಮಾಡುತ್ತಾರೆ. ಗೆದ್ದರೆ ಅಣ್ಣನ ಬುದ್ಧಿ, ಸೋತರೆ ದಾಳದ ತಪ್ಪು. ಆದರೆ ಒಂದು ಮಾತನ್ನು ಅವನು ಪ್ರತಿಸಲ ತಪ್ಪದೆ ಹೇಳುತ್ತಾನೆ: "ಸೈನ್ಯ ನಂದಲ್ಲ ಕಣಯ್ಯ, ನನ್ನ ತಂಗೀದು. ಅವಳ ಕೈ ನೋಡಬೇಕು ನೀನು."

ಆ ಕೈಯೇ ಈಗ ಕೈಕೊಟ್ಟಿತ್ತು.

ಮೊದಲು ಅಂಗಡಿಯಲ್ಲಿ ಒಂದು ತಿರುಪು ಬಿತ್ತು. ಬೀಳುತ್ತದಪ್ಪ, ಯಾರ ಕೈಯಿಂದ ಬೀಳುವುದಿಲ್ಲ ಎಂದುಕೊಂಡಳು. ಮರುದಿನ ಮತ್ತೊಂದು. ಆಮೇಲೆ ಒಂದು ಸಂಜೆ ಟೀವಿ ನೋಡುತ್ತ ಕೂತಿದ್ದಾಗ ಬಲಗೈ ಹೆಬ್ಬೆರಳು ತನ್ನ ಪಾಡಿಗೆ ತಾನು ತೋರುಬೆರಳನ್ನು ಉಜ್ಜುತ್ತಿರುವುದು ಕಣ್ಣಿಗೆ ಬಿತ್ತು, ಯಾರೋ ಮಾತ್ರೆ ಉಂಡೆ ಕಟ್ಟುವ ಹಾಗೆ. ಆ ಉಜ್ಜಾಟ ಅವಳಿಗೆ ಹೊಸದಲ್ಲ. ಇದೇ ಮನೆಯಲ್ಲಿ, ಇದೇ ಕುರ್ಚಿಯಲ್ಲಿ ಅಮ್ಮನ ಬೆರಳು ಹೀಗೇ ಶುರುಮಾಡಿತ್ತು.

ಅಮ್ಮನದು ನಿಧಾನದ ಕಾಯಿಲೆ. ಮೊದಲು ಬೆರಳು, ಆಮೇಲೆ ಕೈ, ಆಮೇಲೆ ಕಾಲು, ಕೊನೆಗೆ ಮುಖದ ನಗೆಯನ್ನೂ ಬಿಡಲಿಲ್ಲ. ಚೆಲ್ಲದಿರಲೆಂದು ಅಣ್ಣ ಅಮ್ಮನ ಕಪ್ಪಿಗೆ ಅರ್ಧ ಮಾತ್ರ ಟೀ ಹಾಕಿ ಕೊಡುತ್ತಿದ್ದ. ಅಮ್ಮ ಅದನ್ನು ಕಂಡೂ ಕಾಣದವಳಂತೆ ತೆಗೆದುಕೊಳ್ಳುತ್ತಿದ್ದಳು. ಅರ್ಧ ಕಪ್ಪು ಕಾಲಾಯಿತು, ಕಾಲು ಚಮಚವಾಯಿತು. ಎತ್ತುವುದು, ಮಲಗಿಸುವುದು, ಉಣಿಸುವುದು ಎಲ್ಲ ಅಣ್ಣನೇ ಮಾಡಿದ. ಅಮ್ಮನನ್ನು ಸ್ಮಶಾನದಲ್ಲಿ ಕಳಿಸಿಕೊಟ್ಟು ಮನೆಗೆ ಬಂದ ದಿನ ಬಾಗಿಲಿಗೆ ಒರಗಿ ನಿಂತು ಅವನು ಹೇಳಿದ್ದು ಪುಟ್ಟಿಯ ಕಿವಿಯಲ್ಲಿ ಇನ್ನೂ ಇದೆ. "ಸಾಕಾಯ್ತು ಪುಟ್ಟಿ. ಇನ್ನೊಂದ್ಸಲ ಇದನ್ನ ನೋಡು ಅಂದ್ರೆ ನನ್ನಿಂದ ಆಗಲ್ಲ."

ಹೇಗೆ ಹೇಳುತ್ತಾಳೆ ಹೇಳಿ? ಇನ್ನೊಂದು ಸಲ ಬಂದಿದೆ ನೋಡಣ್ಣ ಎಂದು ಹೇಗೆ ಹೇಳುತ್ತಾಳೆ? ಡಾಕ್ಟರ ಬಳಿಯೂ ಹೋಗಲಿಲ್ಲ. ಹೋದರೆ ಅವರು ಹೆಸರು ಹೇಳುತ್ತಾರೆ, ಹೆಸರು ಬಂತೆಂದರೆ ಅದು ಚಪ್ಪಲಿ ಬಿಟ್ಟು ಒಳಗೆ ಬಂದು ಕೂತ ಹಾಗೆ. ಅಣ್ಣನಿಗೆ ಗೊತ್ತಾಗಬಾರದು. ಅವಳಿಗೆ ಬೇಕಾಗಿದ್ದು ಅದೊಂದೇ.

ಅಷ್ಟರಲ್ಲಿ ಈ ಹುಸಾರರು ಬಂದು ವಕ್ಕರಿಸಿದ್ದರು. ಅಣ್ಣನ ದೊಡ್ಡ ಕಾಳಗಕ್ಕೆ ಈ ದಳ ಬೇಕೇ ಬೇಕಂತೆ. ಆಗುವುದಿಲ್ಲ ಎಂದರೆ ಯಾಕೆ ಎನ್ನುತ್ತಾನೆ. ಆದ್ದರಿಂದ ಪುಟ್ಟಿ ಹೂಂ ಎಂದಳು.

ಕುದುರೆಗಳ ಮಟ್ಟಿಗೆ ಹೇಗೋ ಸಾಗಿತು. ಬಾಟಲಿ ಮುಚ್ಚಳಕ್ಕೆ ಒಂದೊಂದನ್ನೂ ಅಂಟಿಸಿಕೊಂಡು, ಮುಚ್ಚಳ ಹಿಡಿದು ತಿರುಗಿಸುತ್ತ ಕಂದು, ಕಪ್ಪು ಬಳಿದಳು. ಕಹಳೆಯವನಿಗೆ ಮಾತ್ರ ಬೂದು ಕುದುರೆ, ಹೊಗೆಯ ನಡುವೆಯೂ ಅವನು ಎದ್ದು ಕಾಣಬೇಕಲ್ಲ. ಎದೆಯ ಪಟ್ಟಿಗಳ ಸರದಿ ಬಂದಾಗ ಬ್ರಷ್ಷಿನ ತುದಿ ಎದೆಯನ್ನು ಮುಟ್ಟುವ ಮೊದಲೇ ಗಾಳಿಯಲ್ಲಿ ಕುಣಿಯತೊಡಗಿತು. ಮೊಣಕೈ ಕೆಳಗೆ ಪುಸ್ತಕ ಇಟ್ಟಳು. ಬಿಸಿನೀರಿನಲ್ಲಿ ಕೈ ಅದ್ದಿಟ್ಟುಕೊಂಡಳು. ಎಡಗೈಯಿಂದ ಬಲಗೈಯ ಮಣಿಕಟ್ಟು ಅಮುಕಿ ಹಿಡಿದಳು, ಹಳೆಯ ದುಪಟ್ಟಾದಿಂದ ಮೇಜಿನ ಕಾಲಿಗೆ ಕಟ್ಟಿಯೂ ನೋಡಿದಳು. ಉಸಿರು ಬಿಗಿಹಿಡಿದು, ಒಂದು ನಡುಕಕ್ಕೂ ಇನ್ನೊಂದು ನಡುಕಕ್ಕೂ ನಡುವೆ ಸಿಗುವ ಸಂದಿಯಲ್ಲಿ ಒಂದು ಗೆರೆ. ಗೆರೆ ಅಂಕುಡೊಂಕು. ಒರೆಸಿ ಮತ್ತೆ ಎಳೆದಳು. ಇನ್ನೂ ಅಂಕುಡೊಂಕು. "ಹಾಳಾದ ಕೈಯೇ, ಒಂದು ವಾರ ಸುಮ್ಮನಿರೋಕೆ ನಿನಗೇನು ರೋಗ?" ಎಂದು ಬೈದಳು, ಬೈದದ್ದನ್ನು ತಾನೇ ಕೇಳಿಸಿಕೊಂಡು ಅತ್ತಳು. ಅತ್ತರೆ ಕೈ ಇನ್ನೂ ನಡುಗಿತು.

ಶನಿವಾರ ಸಂಜೆ ಹೇಗೋ ಎಲ್ಲ ಮುಗಿದಾಗ ಅವಳಿಗೆ ಅವುಗಳ ಮುಖ ನೋಡುವ ಧೈರ್ಯವಿರಲಿಲ್ಲ. ಬೇಗ ವಾರ್ನಿಶ್ ಹೊಡೆದು ಡಬ್ಬದಲ್ಲಿಟ್ಟುಬಿಟ್ಟರೆ ಅಣ್ಣ ಆತುರದಲ್ಲಿ ಸರಿಯಾಗಿ ನೋಡಲಾರ ಎಂಬ ಆಸೆ. ಹೊರಗೆ ಬೆಳಗಿನಿಂದ ಜಿನುಗುತ್ತಿತ್ತು, ಹಗ್ಗದ ಮೇಲಿನ ಬಟ್ಟೆ ಎರಡು ದಿನವಾದರೂ ಒಣಗಿರಲಿಲ್ಲ. ಹಸಿ ಗಾಳಿಯಲ್ಲಿ ವಾರ್ನಿಶ್ ಹೊಡೆಯಬಾರದು ಎಂಬುದು ಈ ಕೆಲಸದ ಮೊದಲ ಪಾಠ. ಹಿಂದೊಮ್ಮೆ ಅಣ್ಣ ತಾನೇ ದೊಡ್ಡ ಶೂರನೆಂದು ಇಂಥದೇ ದಿನ ತನ್ನ ಫಿರಂಗಿಗಳಿಗೆ ಹೊಡೆದು, ಎಲ್ಲಕ್ಕೂ ಬೂಸ್ಟು ಹಿಡಿದಂತಾಗಿ, ಅವಳಿಂದ ಕತ್ತೆ ಎನ್ನಿಸಿಕೊಂಡಿದ್ದ. ಅಡುಗೆ ಎಣ್ಣೆ ಸವರಿ ಅವನ್ನು ಸರಿಮಾಡಿಕೊಟ್ಟವಳೂ ಅವಳೇ. ಅಂಥವಳು ಕಿಟಕಿ ತೆರೆದು, ಡಬ್ಬಿ ಕುಲುಕಿ, ಬುಸ್ಸೆಂದು ಹೊಡೆದೇಬಿಟ್ಟಳು. ಗಾಳಿಯ ಕಡೆಗೆ ಗಮನವೇ ಹೋಗಲಿಲ್ಲ.

ಕೈ ತೊಳೆದು ಬರುವಷ್ಟರಲ್ಲಿ ಹುಸಾರರ ಮೇಲೆ ಬಿಳಿ ಮಂಜು ಕೂತಿತ್ತು. ಕೆಂಪಿಲ್ಲ, ನೀಲಿಯಿಲ್ಲ, ಕಂದು ಕುದುರೆಯೂ ಬೂದು, ಕಹಳೆಯವನೂ ಬೂದು. ಅಯ್ಯೋ ಎಂದು ತಲೆಯ ಮೇಲೆ ಕೈಹೊತ್ತವಳು ಅಡುಗೆಮನೆಗೆ ಓಡಿ ಎಣ್ಣೆ ಬಾಟಲಿ ತಂದಳು. ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು. ಆಗ ಹೊಳೆಯಿತು: ಗೆರೆಗಳೂ ಕಾಣುತ್ತಿಲ್ಲ.

ಒಂದು ಗೆರೆಯೂ ಕಾಣುತ್ತಿಲ್ಲ! ಪುಟ್ಟಿಗೆ ನಗು ಬಂತು. ನಾಚಿಕೆಯೂ ಆಯಿತು, ಆದರೆ ನೆಮ್ಮದಿಯ ಮುಂದೆ ನಾಚಿಕೆ ಯಾವ ಲೆಕ್ಕ? ಕೈ ಕೆಟ್ಟಿಲ್ಲ, ಹವೆ ಕೆಟ್ಟಿದ್ದು. ಎಣ್ಣೆ ಬಾಟಲಿಯನ್ನು ವಾಪಸು ಗೂಡಿನಲ್ಲಿಟ್ಟಳು, ಹಿಟ್ಟಿನ ಡಬ್ಬದ ಹಿಂದೆ. ಬಹಳ ದಿನಗಳ ಮೇಲೆ ಅವಳಿಗೆ ಚೆನ್ನಾಗಿ ನಿದ್ದೆ ಬಂತು.

ಬೆಳಿಗ್ಗೆ ಅಣ್ಣ ತನ್ನ ಮನೆಯಿಂದ ಖಾಲಿ ಡಬ್ಬ ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಬಂದ. "ಎಲ್ಲಿ ಪುಟ್ಟಿ ನನ್ನ ಹುಸಾರರು? ಔಷಧಿಯವನು ಇವತ್ತು ಮಣ್ಣು ಮುಕ್ಕಬೇಕು."

"ಹಾಳಾಗೋಯ್ತು ಅಣ್ಣ. ಗಾಳಿ ಹಸಿ ಇತ್ತು, ನೋಡದೆ ವಾರ್ನಿಶ್ ಹೊಡೆದುಬಿಟ್ಟೆ."

ಅಣ್ಣ ಮೇಜಿನತ್ತ ಬಗ್ಗಿ ನೋಡಿದ. ಹೊಟ್ಟೆ ಹಿಡಿದುಕೊಂಡು ನಕ್ಕ. "ನೀನಾ? ನನ್ನ ಕತ್ತೆ ಅಂದವಳು ನೀನಾ? ತಡಿ, ಇದನ್ನ ಊರಿಗೆಲ್ಲ ಹೇಳ್ಕೊಂಡು ಬರ್ತೀನಿ."

"ಹೇಳ್ಕೋ ಹೋಗು. ಬಣ್ಣ ಎಲ್ಲ ಕಿತ್ತು ಹೊಸದಾಗಿ ಮಾಡ್ಕೊಡ್ತೀನಿ, ಇವತ್ತು ಬೇರೆ ದಳ ತಗೊಂಡು ಹೋಗು."

"ಕೀಳೋದ್ಯಾಕೆ? ಎಣ್ಣೆ ಸವರಿದ್ರೆ ಆಯ್ತಲ್ಲ, ನೀನೇ ಹೇಳ್ಕೊಟ್ಟಿದ್ದು."

"ಎಣ್ಣೆ ಖಾಲಿಯಾಗಿದೆ."

"ಎಣ್ಣೆ ಇಲ್ಲದ ಮನೆ ಯಾವುದೇ?" ಎನ್ನುತ್ತ ಅವನು ಅಡುಗೆಮನೆಗೆ ನುಗ್ಗಿದ. ಅಮ್ಮನಿದ್ದ ಕಾಲದಿಂದ ಆ ಗೂಡಿನ ಮೂಲೆಮೂಲೆಯೂ ಅವನಿಗೆ ಗೊತ್ತು. "ಇಷ್ಟೊಂದು ಇದ್ಯಲ್ಲೇ! ಕಣ್ಣು ಮಂಜಾಯ್ತಾ ನಿನಗೆ?"

"ಬೇಡ ಅಣ್ಣ, ಬಿಡು. ಅಣ್ಣಾ, ಬೇಡ ಅಂದ್ನಲ್ಲ!" ಪುಟ್ಟಿಯ ದನಿ ತಾನಾಗಿಯೇ ಏರಿತು. ಕಸಿದುಕೊಳ್ಳೋಣವೆಂದರೆ ಕೈ ಮುಂದೆ ಚಾಚಬೇಕು. ಚಾಚುವಂತಿರಲಿಲ್ಲ. ಮೇಜಿನ ಕೆಳಗೆ ಬಲಗೈಯನ್ನು ಎಡಗೈಯಲ್ಲಿ ಅವುಚಿಕೊಂಡು ಕೂತಳು.

ಅಣ್ಣ ಹತ್ತಿಯ ತುದಿಯನ್ನು ಎಣ್ಣೆಗೆ ಅದ್ದಿ ಒಂದು ಕುದುರೆಗೆ ಸವರಿದ. ಮಂಜು ಕರಗಿ ಕಂದು ಬಣ್ಣ ಮಿಂಚಿತು. "ನೋಡಿದ್ಯಾ?" ಎಂದ ಖುಷಿಯಿಂದ. ಬಾಲ ಬಂತು, ಜೀನು ಬಂತು, ಕೆಂಪು ಚಲ್ಲಣ ಬಂತು. ಆಮೇಲೆ ಎದೆ ಬಂತು.

ಅಣ್ಣನ ಕೈ ನಿಂತಿತು. ಅವಳೇ ಗಾಜು ಕೂರಿಸಿಕೊಟ್ಟ ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡ. ಹತ್ತಿರ ಹಿಡಿದು ನೋಡಿದ.

"ಬ್ರಷ್ಷು ಹಳೇದು," ಎಂದಳು ಪುಟ್ಟಿ.

"ಹೂಂ."

"ಬೆಳಕೂ ಇರ್ಲಿಲ್ಲ ಈ ವಾರ."

"ಹೂಂ."

ಇನ್ನೊಂದನ್ನು ಎತ್ತಿಕೊಂಡ. ಮತ್ತೊಂದನ್ನು. ಒಬ್ಬನನ್ನೂ ಬಿಡದೆ ಎಲ್ಲರ ಎದೆಯ ಮಂಜನ್ನೂ ಒರೆಸಿದ. ಎಲ್ಲರ ಎದೆಯ ಮೇಲೂ ಅದೇ ನಡುಕ. ಕೊನೆಗೆ ಕಹಳೆಯವನನ್ನು ಸಾಲಿನಲ್ಲಿ ನಿಲ್ಲಿಸಿ, ಎಣ್ಣೆಯ ಬೆರಳುಗಳನ್ನು ಬಟ್ಟೆಗೆ ಒರೆಸಿಕೊಂಡು, ಅವಳ ಮುಖ ನೋಡದೆ, "ಕೈ ತೋರಿಸು," ಎಂದ.

ಅವಳು ತೋರಿಸಲಿಲ್ಲ. ಅವನು ಬಲವಂತ ಮಾಡಲಿಲ್ಲ. ಎದ್ದು, "ಟೀ ಮಾಡ್ತೀನಿ," ಎಂದು ಒಳಗೆ ಹೋದ. ಅಮ್ಮ ಹೋದ ಮೇಲೆ ಈ ಮನೆಯಲ್ಲಿ ಅವನು ಒಲೆ ಹಚ್ಚಿದ್ದಿಲ್ಲ. ಪಾತ್ರೆ ಇಟ್ಟ ಸದ್ದು ಬಂತು, ನೀರು ಬಿಟ್ಟ ಸದ್ದು ಬಂತು, ಆಮೇಲೆ ನಲ್ಲಿ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಸುರಿಯುತ್ತಲೇ ಇತ್ತು. ಅವನು ಅಳುವುದನ್ನು ಮುಚ್ಚಿಕೊಳ್ಳುವುದು ಹಾಗೆಯೇ ಎಂದು ಪುಟ್ಟಿಗೆ ಗೊತ್ತು.

ಕೆಂಪಾದ ಕಣ್ಣಿನಲ್ಲಿ ಬಂದು ಕಪ್ಪನ್ನು ಅವಳ ಮುಂದಿಟ್ಟ. ಅದರಲ್ಲಿ ಅರ್ಧ ಮಾತ್ರ ಟೀ ಇತ್ತು.

ಪುಟ್ಟಿ ಆ ಅರ್ಧವನ್ನೇ ನೋಡಿದಳು. ಕಂಡೂ ಕಾಣದವಳಂತೆ ತೆಗೆದುಕೊಂಡಿದ್ದರೆ ಆಗುತ್ತಿತ್ತು, ಅಮ್ಮನ ಹಾಗೆ.

"ತುಂಬ ಹಾಕು," ಎಂದಳು.

"ಪುಟ್ಟಿ..."

"ತುಂಬ ಹಾಕು ಅಂದೆ."

ಅಣ್ಣ ಪಾತ್ರೆ ತಂದ. ಅಂಚಿನವರೆಗೂ ಸುರಿದ. ಪುಟ್ಟಿ ಮೇಜಿನ ಕೆಳಗಿನಿಂದ ಬಲಗೈ ತೆಗೆದು ಅವನ ಎದುರಿಗೇ ಕಪ್ಪನ್ನು ಎತ್ತಿದಳು. ಟೀ ಮಣಿಕಟ್ಟಿನ ಮೇಲೆ ಚೆಲ್ಲಿತು, ಹಾಸಿದ ಕಾಗದದ ಮೇಲೆ ಚೆಲ್ಲಿತು, ಸಾಲಾಗಿ ನಿಂತ ಹುಸಾರರ ಮೇಲೂ ಚೆಲ್ಲಿತು. ಅವಳು ಬಿಡಲಿಲ್ಲ, ಉಳಿದದ್ದನ್ನು ಕುಡಿದಳು. ಅವಳು ಕುಡಿದು ಮುಗಿಸುವವರೆಗೂ ಅಣ್ಣ ಕೈ ಚಾಚಲಿಲ್ಲ. ಚಾಚದಿರಲೆಂದು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದ.