ವಾಲಂಟಿಯರ್ ಲಕ್ಷ್ಮಿದೇವಮ್ಮ

ಪಾರ್ಕಿನ ನೀರಿನ ಪೈಪು ನೂರಿಪ್ಪತ್ತು ಅಡಿ ಉದ್ದ. ಒಳಗೆ ನೀರು ತುಂಬಿಕೊಂಡರೆ ಗಟ್ಟಿ ಗಂಡಸಿಗೂ ಎಳೆಯುವುದು ಕಷ್ಟ. ಲಕ್ಷ್ಮಿದೇವಮ್ಮ ಅದನ್ನು ಹೆಗಲ ಮೇಲೆ ಹಾಕಿಕೊಂಡು ಹನ್ನೊಂದು ವರ್ಷ ಎಳೆದಳು. ದಿನಕ್ಕೆ ಎರಡು ಸಲ. ಮೂರು ವರ್ಷದಿಂದ ಅವಳ ಗರ್ಭಕೋಶ ಜಾರುತ್ತಿದೆ. ಹಳೆ ಪಂಚೆ ಹರಿದು ಬಿಗಿಯಾಗಿ ಕಟ್ಟಿಕೊಂಡು ಕೆಲಸಕ್ಕೆ ಬರುತ್ತಿದ್ದಳು. ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡು ಅತ್ತಿದ್ದಳಂತೆ. ಇದನ್ನೆಲ್ಲ ಗಂಡಸು ಬಾಯಿಬಿಟ್ಟು ಹೇಳಬಾರದು ಅನ್ನುವವರು ಇದ್ದಾರೆ. ಹೇಳಬೇಕಾದವರು ಯಾರೂ ಹೇಳಲಿಲ್ಲ. ಅದಕ್ಕೆ ನಾನೇ ಹೇಳುತ್ತಿದ್ದೇನೆ.

ನಾನು ಅಂಜಿನಯ್ಯ. ಬಸವೇಶ್ವರನಗರದ ಆ ಪಾರ್ಕಿನ ಗೇಟಿನಲ್ಲಿ ವಾಚ್‌ಮನ್ ಆಗಿದ್ದೆ. ಲಕ್ಷ್ಮಿದೇವಮ್ಮ ಕಾಮಾಕ್ಷಿಪಾಳ್ಯದಿಂದ ನಡೆದುಕೊಂಡು ಬೆಳಿಗ್ಗೆ ಐದೂವರೆಗೆ ಬರುತ್ತಿದ್ದಳು. ಮೊದಲು, ರಾತ್ರಿ ಯಾರೋ ಎಸೆದು ಹೋದ ಬಾಟಲಿ ಚೂರು ಆರಿಸಬೇಕು. ಆಮೇಲೆ ವಾಕಿಂಗಿನವರ ನಾಯಿಗಳು ಮಾಡಿದ್ದನ್ನು ಎತ್ತಬೇಕು. ನಾಯಿ ಅವರದು, ಕೈ ಇವಳದು. ಹೊತ್ತು ಏರಿದ ಮೇಲೆ ಪಂಪ್‌ಹೌಸಿನ ಹಿಂದೆ ಕೂತು ಮುದ್ದೆ ಬಿಚ್ಚುತ್ತಿದ್ದಳು. ಕಲ್ಲುಬೆಂಚಿನ ಮೇಲೆ ಕೂತರೆ ಬೆಂಚು ಕೊಳೆಯಾಗುತ್ತದೆ ಎಂದು ಒಬ್ಬ ಮೇಡಂ ಕಂಪ್ಲೇಂಟ್ ಬರೆದಿದ್ದರು. ಆ ಬೆಂಚನ್ನು ದಿನಾ ತೊಳೆಯುತ್ತಿದ್ದವಳೂ ಇವಳೇ.

ಪಾರ್ಕಿಗೆ ನಾಲ್ಕು ಜನ ಮಾಲಿಗಳು ಎಂದು ಕಂಟ್ರಾಕ್ಟರ್ ಭೈರೇಶನ ಹಾಜರಿ ಪುಸ್ತಕ ಹೇಳುತ್ತಿತ್ತು. ಗೇಟಿನಲ್ಲಿ ಕೂತ ನಾನು ಆ ನಾಲ್ವರ ಮುಖವನ್ನು ಒಂದು ದಿನವೂ ನೋಡಿರಲಿಲ್ಲ. ಗಿಡ ನೋಡಿಕೊಳ್ಳುತ್ತಿದ್ದದ್ದು ಒಬ್ಬಳೇ. ಅವಳ ಕೈಗೆ ಭೈರೇಶ ತಿಂಗಳಿಗೊಮ್ಮೆ ಒಂದಿಷ್ಟು ಇಟ್ಟು ಹೋಗುತ್ತಿದ್ದ.

ಪಾರ್ಕಿಗೊಂದು ಸಮಿತಿ ಇತ್ತು. ಅಧ್ಯಕ್ಷರು ವೆಂಕಟಗಿರಿ, ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್. ಮಾತು ಬೆಣ್ಣೆ. ಭಾನುವಾರ ಯೋಗ, ಬೇಸಿಗೆಯಲ್ಲಿ ಮಕ್ಕಳ ಶಿಬಿರ, ಹಿರಿಯರಿಗೆ ನಗೆಕೂಟ, ಎಲ್ಲ ಅವರದೇ ಏರ್ಪಾಟು. ಇದಕ್ಕೆಲ್ಲ ಪಾಲಿಕೆ ಕಚೇರಿಯಿಂದ ಸಹಾಯ ಬರುತ್ತಿತ್ತು. ಆದರೆ ಜನರೇ ಸೇರಿ ಪಾರ್ಕು ನಡೆಸುತ್ತಿದ್ದಾರೆ ಎಂದು ತೋರಿಸಬೇಕಿತ್ತು. ಜನ ಎಲ್ಲಿದ್ದಾರೆ? ಯೋಗಕ್ಕೆ ಬಂದವರು ತಾವು ಮಲಗಿದ್ದ ಚಾಪೆಯನ್ನೂ ಸುತ್ತಿಡುತ್ತಿರಲಿಲ್ಲ. ಅದನ್ನೂ ಲಕ್ಷ್ಮಿದೇವಮ್ಮನೇ ಸುತ್ತಬೇಕಿತ್ತು.

ಎರಡು ವರ್ಷದ ಹಿಂದೆ ಒಂದು ದಿನ ವೆಂಕಟಗಿರಿ ಅವಳನ್ನು ಕರೆದು ಒಂದು ಹಸಿರು ಜಾಕೆಟ್ ಕೊಟ್ಟರು. ಹೊಸದು, ಬೆನ್ನಿನ ಮೇಲೆ ಇಂಗ್ಲಿಷ್ ಅಕ್ಷರ. ಜೊತೆಗೊಂದು ಫಾರಂ.

"ಇಲ್ಲೊಂದು ಸೈನ್ ಹಾಕಮ್ಮ ಲಕ್ಷ್ಮಿ. ನಿನ್ನ ಒಳ್ಳೇದಕ್ಕೇ."

ಅವಳಿಗೆ ಹೆಸರು ಬರೆಯಲು ಬರುತ್ತಿತ್ತು, ಅಷ್ಟೇ. "ಒಂದ್ ನಿಮಿಷ ಸಾರ್" ಅಂದು ಫಾರಂ ಹಿಡಿದುಕೊಂಡು ನನ್ನ ಹತ್ತಿರ ಬಂದಳು. ಅವಳ ಲೆಕ್ಕದಲ್ಲಿ ನಾನು ಓದಿದವನು. ಒಂಬತ್ತನೇ ಕ್ಲಾಸಿಗೆ ಬಿಟ್ಟವನು ನಾನು, ಆದರೆ ಗೇಟಿನಲ್ಲಿ ಪೇಪರ್ ಬಿಡಿಸಿಕೊಂಡು ಕೂರುತ್ತಿದ್ದೆನಲ್ಲ.

"ಏನ್ ಬರ್ದವ್ರೆ ನೋಡಣ್ಣ."

ನೋಡಿದೆ. ಪೂರ್ತಿ ಇಂಗ್ಲಿಷು. ಅಕ್ಷರ ಕೂಡಿಸಿ ಕೂಡಿಸಿ ಒಂದು ಪದ ಓದಿದೆ. ವಾ-ಲಂ-ಟಿ-ಯರ್. ಮಿಕ್ಕದ್ದು ತಿಳಿಯಲಿಲ್ಲ. ತಿಳಿಯಲಿಲ್ಲ ಎಂದು ಹೇಳಬೇಕಿತ್ತು. ಹೇಳಲು ನಾಚಿಕೆಯಾಯಿತು. ಆ ನಾಚಿಕೆಗೆ ಇವತ್ತಿಗೂ ನನ್ನನ್ನು ನಾನು ಕ್ಷಮಿಸಿಕೊಂಡಿಲ್ಲ.

ವಾಲಂಟಿಯರ್‌ಗಳನ್ನು ನಾನು ಕಂಡಿದ್ದೆ. ದೊಡ್ಡ ಸಭೆಗಳಲ್ಲಿ, ಓಟದ ಸ್ಪರ್ಧೆಗಳಲ್ಲಿ, ಕೊರಳಿಗೆ ಕಾರ್ಡು ಹಾಕಿಕೊಂಡು ನನ್ನಂಥವರನ್ನು "ಹಿಂದೆ ಹೋಗ್ರೀ" ಎಂದು ತಳ್ಳುವವರು ಅವರೇ. ಪೊಲೀಸರೂ ಅವರನ್ನು ಸಾರ್ ಅನ್ನುತ್ತಾರೆ. ಜನರನ್ನು ತಳ್ಳುವ ಅಧಿಕಾರ ಇರುವವನು ದೊಡ್ಡ ಹುದ್ದೆಯವನೇ ಇರಬೇಕಲ್ಲ?

"ಪ್ರಮೋಷನ್ ಕಣಮ್ಮ" ಅಂದೆ. "ಮಾಲಿಯಿಂದ ವಾಲಂಟಿಯರ್ ಮಾಡವ್ರೆ. ಸೈನ್ ಹಾಕು."

ಅವಳು ಅಲ್ಲೇ ನನ್ನ ಟೇಬಲ್ಲಿನ ಮೇಲೆ ಸೈನ್ ಹಾಕಿದಳು. ಮಾರನೆಯ ದಿನ ಅರ್ಧ ಕೆಜಿ ಕಡಲೆಮಿಠಾಯಿ ತಂದು ಎಲ್ಲರಿಗೂ ಹಂಚಿದಳು. ವೆಂಕಟಗಿರಿ ಎರಡು ತುಂಡು ತಿಂದರು. ಯಾಕಮ್ಮ ಮಿಠಾಯಿ ಎಂದು ಕೇಳಿದರು. ಅವಳು ಹೇಳಿದಳು. ಅವರು ನಕ್ಕು "ಹಾಂ ಹಾಂ, ಒಳ್ಳೇದು" ಅಂದರು. ಆ ನಗುವನ್ನು ನಾನು ಸಂತೋಷ ಅಂದುಕೊಂಡೆ.

ಅವತ್ತಿನಿಂದ ಕೈಗಿಡುವ ಹಣವನ್ನು ಭೈರೇಶನ ಬದಲು ವೆಂಕಟಗಿರಿ ಕೊಡತೊಡಗಿದರು. ಮೊದಲಿನಷ್ಟೇ.

"ಪ್ರಮೋಷನ್ ಆದ್ರೂ ಜಾಸ್ತಿ ಮಾಡ್ಲಿಲ್ವಲ್ಲಣ್ಣ?"

"ಆರ್ಡರ್ ಬರ್ಬೇಕಮ್ಮ. ಸರ್ಕಾರದ್ದು ನಿಧಾನ" ಅಂದೆ. ದೊಡ್ಡ ಬುದ್ಧಿವಂತ ನಾನು.

ಆ ವರ್ಷ ನಮ್ಮ ಪಾರ್ಕಿಗೆ ಬಹುಮಾನ ಬಂತು. ಪರಿಶೀಲನೆಗೆ ಬಂದವರು ವೆಂಕಟಗಿರಿಯವರ ಫೈಲು ನೋಡಿದರು, ಕಾಫಿ ಕುಡಿದರು, ಹಸಿರು ಜಾಕೆಟ್ಟಿನ ಲಕ್ಷ್ಮಿದೇವಮ್ಮನ ಜೊತೆ ಫೋಟೋ ತೆಗೆಸಿಕೊಂಡರು. ಗಿಡಗಳ ಕಡೆ ಯಾರೂ ತಿರುಗಲಿಲ್ಲ.

ಈ ವರ್ಷ ಒಂದು ಸುದ್ದಿ ಬಂತು. ಪಾರ್ಕುಗಳಲ್ಲಿ ದುಡಿಯುವ ಮಾಲಿಗಳನ್ನು ಕಂಟ್ರಾಕ್ಟರ್ ಕೈಯಿಂದ ಬಿಡಿಸಿ ನೇರವಾಗಿ ಕಚೇರಿಗೇ ತೆಗೆದುಕೊಳ್ಳುತ್ತಾರಂತೆ. ಇ.ಎಸ್.ಐ. ಕಾರ್ಡೂ ಕೊಡುತ್ತಾರಂತೆ. ಕಾರ್ಡು ಅಂದ ತಕ್ಷಣ ಲಕ್ಷ್ಮಿದೇವಮ್ಮ ಕೈಯಲ್ಲಿದ್ದ ಪೊರಕೆ ಬಿಟ್ಟು ನನ್ನ ಹತ್ತಿರ ಓಡಿ ಬಂದಳು.

"ಕಾರ್ಡ್ ಬಂದ್ರೆ ಆಪರೇಷನ್ ಮಾಡಿಸ್ಕೋಬೋದಾ ಅಣ್ಣ?"

"ಹೂಂ. ರಾಜಾಜಿನಗರದ ಆಸ್ಪತ್ರೆಗೆ ಹೋಗ್ಬೋದು. ಒಂದ್ ರೂಪಾಯಿ ಖರ್ಚಿಲ್ಲ."

"ಕೂತ್ರೂ ನೋವು, ನಿಂತ್ರೂ ನೋವು. ಅದೊಂದ್ ಆಗೋದ್ರೆ ಇನ್ನೇನೂ ಬೇಡಣ್ಣ."

ಪರಿಶೀಲನೆಯ ದಿನ ಅವಳು ತಲೆಗೆ ಸ್ನಾನ ಮಾಡಿ, ಜಾಕೆಟ್ ಒಗೆದು ಹಾಕಿಕೊಂಡು ಬಂದಳು. ಕಚೇರಿಯಿಂದ ಕಲ್ಮೇಶ್ ಎನ್ನುವ ಅಧಿಕಾರಿ ಬಂದರು. ಉತ್ತರ ಕರ್ನಾಟಕದ ಕಡೆಯವರು. ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಪಟ್ಟಿ ತೆಗೆದರು. ಪಕ್ಕದಲ್ಲಿ ವೆಂಕಟಗಿರಿ, ಹಿಂದೆ ಭೈರೇಶ.

ಅಧಿಕಾರಿ ಹೆಸರು ಕೂಗಿದರು. ಕಾಂತರಾಜು. ಲತಾ. ಇನ್ನೂ ಇಬ್ಬರು. ನಾಲ್ವರೂ ಮುಂದೆ ಬಂದು ನಿಂತರು. ಆಮೇಲೆ ತಿಳಿಯಿತು, ಕಾಂತರಾಜು ಭೈರೇಶನ ಭಾವಮೈದುನ, ಮಾಗಡಿ ರೋಡಿನಲ್ಲಿ ಮೊಬೈಲ್ ಅಂಗಡಿ ಇಟ್ಟವನು. ಲತಾ ಅವನ ನಾದಿನಿ. ಅವಳ ಉಗುರಿನಲ್ಲಿ ಬಣ್ಣ ಹೊಳೆಯುತ್ತಿತ್ತು. ಮಿಕ್ಕ ಇಬ್ಬರೂ ಅದೇ ಕಾರಿನಲ್ಲಿ ಬಂದಿಳಿದವರು. ಪಟ್ಟಿ ಮುಗಿಯಿತು.

ಲಕ್ಷ್ಮಿದೇವಮ್ಮ ಕೈಮುಗಿದುಕೊಂಡೇ ಇದ್ದಳು. "ಸಾರ್, ನನ್ ಹೆಸ್ರು ಕೂಗ್ಲಿಲ್ಲ."

"ಏನ್ ಹೆಸರವ್ವ?"

"ಲಕ್ಷ್ಮಿದೇವಮ್ಮ."

ಅಧಿಕಾರಿ ಕಾಗದ ಮಗುಚಿದರು. "ಇಲ್ಲೈತಿ ನೋಡ. ಆದ್ರ ಇದು ಬ್ಯಾರೆ ಪಟ್ಟಿ. ಸ್ವಯಂಸೇವಕಿ. ವಾಲಂಟಿಯರ್."

"ಹೂಂ ಸಾರ್, ವಾಲಂಟಿಯರ್. ಪ್ರಮೋಷನ್ ಆಗೈತೆ."

ಭೈರೇಶ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. ಲತಾ ನೇರವಾಗಿಯೇ ನಕ್ಕಳು.

"ವಾಲಂಟಿಯರ್ ಅಂದ್ರ ಪಗಾರ ಇಲ್ದ ಸೇವಾ ಮಾಡಾವ್ರು" ಎಂದರು ಅಧಿಕಾರಿ. ಫಾರಂ ತೆಗೆದು ಕನ್ನಡದಲ್ಲಿ ಹೇಳಿದರು. "ಊರಿನ ಮ್ಯಾಲಿನ ಪ್ರೀತಿಯಿಂದ ದುಡೀತೀನಿ, ಕೂಲಿ ಕೇಳಂಗಿಲ್ಲ, ನೌಕರಿ ಕೇಳಂಗಿಲ್ಲ ಅಂತ ಬರದುಕೊಟ್ಟೀರಿ. ಸಹಿ ನಿಮ್ದ ಅಲ್ಲೇನು?"

ಅವಳು ಸಹಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ಸಾರ್, ಹನ್ನೊಂದ್ ವರ್ಷದಿಂದ ಕೊಡ್ತಿದ್ದ ಕೂಲಿ?"

"ಅದು ಗೌರವಧನ ಕಣಮ್ಮ" ವೆಂಕಟಗಿರಿ ಮೆಲ್ಲಗೆ ಹೇಳಿದರು. "ನಾವ್ ಪ್ರೀತಿಯಿಂದ ಕೊಟ್ಟಿದ್ದು."

ಅವಳ ದನಿ ಏರಿತು. "ಹಂಗಾದ್ರೆ ಈ ನಾಕ್ ಜನ ಮಾಲಿಗಳನ್ನ ಕೇಳಿ ಸಾರ್. ಬೋರ್‌ವೆಲ್ ಸ್ವಿಚ್ ಎಲ್ಲೈತೆ ತೋರ್ಸ್ಲಿ. ನೀವ್ ಕೂತಿರೋ ಮರ ಯಾವ್ದು ಹೇಳ್ಲಿ."

ಕಾಂತರಾಜು ತಲೆ ಎತ್ತಿ ಮರ ನೋಡಿದ. "ಬೇವು" ಅಂದ. ಅದು ಹೊಂಗೆ. ಹೂವು ಅವನ ಅಂಗಿಯ ಮೇಲೇ ಉದುರಿತ್ತು.

ನಾನು ಗೇಟು ಬಿಟ್ಟು ಬಂದೆ. "ಸಾರ್, ಈ ನಾಲ್ವರನ್ನ ನಾನು ಇವತ್ತೇ ನೋಡ್ತಿರೋದು. ಕೆಲಸ ಮಾಡೋಳು ಈಯಮ್ಮ ಒಬ್ಬಳೇ. ಆ ಫಾರಂ ಓದಿ ಹೇಳ್ದೋನು ನಾನೇ. ನಂಗೆ ಇಂಗ್ಲಿಷ್ ಬರಲ್ಲ. ತಪ್ಪು ಹೇಳ್ಬಿಟ್ಟೆ."

ಭೈರೇಶ ಹಲ್ಲು ಕಚ್ಚಿದ. "ಅಂಜಿನಯ್ಯ, ನಿಂಗ್ ಸಂಬಳ ಕೊಡೋನೂ ನಾನೇ ಕಣೋ. ನೆನಪಿರ್ಲಿ."

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು. "ನೋಡ್ರಿ, ನಾ ದಾಖಲಿ ನೋಡಾಕ ಬಂದೀನಿ. ಗಿಡ ನೋಡಾಕ ಬಂದಿಲ್ಲ."

ಪಾರ್ಕು ನೋಡಿಕೊಳ್ಳುವ ಅಧಿಕಾರಿ ಹೇಳಿದ ಮಾತು ಅದು. ನಾಲ್ವರ ಫೋಟೋ ತೆಗೆದುಕೊಂಡು ಹೋದರು. ಸಂಜೆ ಭೈರೇಶ ನನ್ನ ವಿಸಿಲ್ಲು ಕಿತ್ತುಕೊಂಡ. ಅದು ಹೋದರೆ ಹೋಗಲಿ.

ಗೇಟಿನ ಹೊರಗೆ ಅವಳ ಕಾಲು ಮುಟ್ಟಲು ಬಗ್ಗಿದೆ. ಅವಳು ಹಿಂದೆ ಸರಿದಳು.

"ಬರಲ್ಲ ಅಂತ ಒಂದ್ ಮಾತ್ ಹೇಳಿದ್ರೆ ಆಗ್ತಿತ್ತಲ್ಲಣ್ಣ" ಅಂದಳು. "ಇನ್ಯಾರ್ ಹತ್ರಾನಾದ್ರೂ ಓದಿಸ್ತಿದ್ದೆ."

ಹಾಗಂದು ಕಾಮಾಕ್ಷಿಪಾಳ್ಯದ ದಾರಿ ಹಿಡಿದಳು.

ಎರಡು ದಿನ ಅವಳು ಮನೆಯಲ್ಲಿ ಮಲಗಿದ್ದಳು. ಮೂರನೆಯ ದಿನ ಎದ್ದು ವಿಜಯನಗರದ ಪಾರ್ಕಿಗೆ ಹೋದಳು. ಅಲ್ಲಿ ಅಲಮೇಲು ಎನ್ನುವ ಹೆಂಗಸು ಕಳೆ ಕೀಳುತ್ತಿದ್ದಳು. ಮೈಮೇಲೆ ಅದೇ ಹಸಿರು ಜಾಕೆಟ್. "ನೀನೂ ಸೈನ್ ಹಾಕಿದ್ಯಾ?" ಎಂದು ಲಕ್ಷ್ಮಿದೇವಮ್ಮ ಕೇಳಿದಳು. ದೀಪಾವಳಿ ಸೀರೆಗೆ ಎಂದು ಅಲ್ಲಿನ ಸಮಿತಿಯವರು ಅಲಮೇಲುವಿನಿಂದ ಸೈನ್ ಹಾಕಿಸಿಕೊಂಡಿದ್ದರಂತೆ. ಸೀರೆಯೂ ಬಂದಿರಲಿಲ್ಲ. ಇಬ್ಬರೂ ಸೇರಿ ಬಸ್ಸು ಹತ್ತಿ ಕೆಂಗೇರಿಗೆ ಹೋದರು. ಅಲ್ಲಿ ಮೂವರು ಸಿಕ್ಕರು. ಹತ್ತು ದಿನದಲ್ಲಿ ಇಪ್ಪತ್ತೆರಡು ಜನ ಆದರು. ಇಪ್ಪತ್ತೆರಡು ಜನರೂ ಊರಿನ ಮೇಲಿನ ಪ್ರೀತಿಯಿಂದ ಬೆನ್ನು ಮುರಿದುಕೊಂಡವರು.

ಅರ್ಜಿ ಬರೆಯಲು ನನ್ನನ್ನೇ ಕರೆದಳು. ಕನ್ನಡದಲ್ಲಿ ಬರೆದೆ. ಓದಿ ಹೇಳಿದೆ. ಅವಳು ಅದನ್ನು ಮಡಚಿ ತೆಗೆದುಕೊಂಡು ಹೋಗಿ ಮೆಡಿಕಲ್ ಶಾಪಿನವನ ಹತ್ತಿರ ಇನ್ನೊಮ್ಮೆ ಓದಿಸಿದಳು. ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಕಂಡಕ್ಟರ್ ಹತ್ತಿರ ಮತ್ತೊಮ್ಮೆ. ಮೂರು ಬಾಯಲ್ಲೂ ಒಂದೇ ಮಾತು ಬಂದ ಮೇಲೆ ಸೈನ್ ಹಾಕಿದಳು. ನನಗೆ ಚುರುಕ್ ಅಂದಿತು. ಆದರೆ ಅವಳು ಮಾಡಿದ್ದು ಸರಿ.

ಸೋಮವಾರ ಎಲ್ಲರೂ ಕಚೇರಿಗೆ ಹೋದೆವು. ಕಲ್ಮೇಶ್ ಅರ್ಜಿ ತೆಗೆದುಕೊಂಡರು. ಮಡಿಕೆಯನ್ನೂ ಬಿಚ್ಚದೆ ಸೀಲು ಎತ್ತಿಕೊಂಡರು.

"ಓದಿ ಸಾರ್" ಅಂದಳು ಲಕ್ಷ್ಮಿದೇವಮ್ಮ.

"ಆಮ್ಯಾಲ ಓದ್ತೀನವ್ವ. ಹದಿನೈದು ದಿನ ಬಿಟ್ಟು ಬರ್ರಿ."

"ಈಗ್ಲೇ ಓದಿ. ಓದ್ದೆ ಸೈನ್ ಹಾಕಿ ನಾವ್ ಹಾಳಾದ್ವಿ. ನೀವು ಓದ್ದೆ ಸೀಲ್ ಹಾಕ್ಬೇಡಿ."

ಅವಳು ನೆಲದ ಮೇಲೆ ಕೂತಳು. ಅಲಮೇಲು ಕೂತಳು. ಒಬ್ಬೊಬ್ಬರಾಗಿ ಎಲ್ಲರೂ ಕೂತರು. ಬಾಗಿಲಲ್ಲಿ ದಾರಿ ಉಳಿಯಲಿಲ್ಲ. ಪಕ್ಕದ ಕೋಣೆಯ ಗುಮಾಸ್ತರು ಎದ್ದು ಬಂದು ನಿಂತರು. ಅಧಿಕಾರಿ ಸ್ವಲ್ಪ ಹೊತ್ತು ಗದರಿದರು, ಪೊಲೀಸರನ್ನು ಕರೆಸುತ್ತೇನೆ ಎಂದರು. ಯಾರೂ ಅಲುಗಲಿಲ್ಲ. ಕೊನೆಗೆ ಕಾಗದ ಬಿಚ್ಚಿ ಮೂಗಿನಲ್ಲೇ ಓದತೊಡಗಿದರು.

"ಜೋರಾಗಿ ಸಾರ್. ಹಿಂದಿನೋರಿಗೆ ಕೇಳಲ್ಲ."

"ನಾವು ಸ್ವಯಂಸೇವಕರಲ್ಲ" ಅಧಿಕಾರಿ ದನಿ ಎತ್ತಿದರು. "ನಾವು ಕೆಲಸಗಾರರು. ಮೋಸದಿಂದ ನಮ್ಮ ಸಹಿ ಪಡೆಯಲಾಗಿದೆ. ಪಟ್ಟಿಯಲ್ಲಿರುವ ಮಾಲಿಗಳು ಒಂದು ದಿನವೂ ಕೆಲಸ ಮಾಡಿದವರಲ್ಲ..." ಪೂರ್ತಿ ಓದಿ ಮುಗಿಸಿದರು. ಹಣೆ ಒರೆಸಿಕೊಂಡರು. "ಆತಲ್ಲ? ಏಳ್ರಿ ಇನ್ನ."

ಇದರಿಂದ ಎಲ್ಲ ಸರಿಹೋಯಿತು ಎಂದು ನಾನು ಸುಳ್ಳು ಹೇಳುವುದಿಲ್ಲ. ಲತಾಳ ಕೈಗೆ ಕಾರ್ಡು ಬಂದಿದೆ. ಲಕ್ಷ್ಮಿದೇವಮ್ಮನಿಗೆ ಇವತ್ತಿನವರೆಗೂ ಬಂದಿಲ್ಲ. ಆದರೆ ಅವತ್ತು ಅವಳು ಏಳಲಿಲ್ಲ.

"ಕೆಳಗಡೆ ಹೆಸ್ರುಗಳಿವೆ, ಅದನ್ನ ಓದ್ಲಿಲ್ಲ ಸಾರ್."

"ಅದನ್ನೇನ್ ಓದೋದವ್ವ?"

"ಒಂದೊಂದಾಗಿ ಕೂಗಿ. ನಾವ್ ಯಾರು ಅಂತ ನೀವು ಬಾಯ್ಬಿಟ್ಟು ಹೇಳ್ಬೇಕು."

ಅಧಿಕಾರಿ ಗುಮಾಸ್ತರ ಮುಖ ನೋಡಿದರು. ಗುಮಾಸ್ತರು ನೆಲ ನೋಡಿದರು. ಅಧಿಕಾರಿ ಮೊದಲನೆಯ ಹೆಸರು ಕೂಗಿದರು.

"ಲಕ್ಷ್ಮಿದೇವಮ್ಮ."

ಅವಳು ಕಿಬ್ಬೊಟ್ಟೆ ಒತ್ತಿ ಹಿಡಿದುಕೊಂಡು ಏಳಲು ನೋಡಿದಳು. ಆಗಲಿಲ್ಲ. ಅಧಿಕಾರಿ ಎರಡನೆಯ ಹೆಸರಿಗೆ ಹೋದರು.

"ತಾಳಿ ಸಾರ್" ಅಂದಳು. "ನಾನಿನ್ನೂ ಹೇಳಿಲ್ಲ."

ಅಲಮೇಲು ಒಂದು ಕಡೆ, ಕೆಂಗೇರಿಯವಳೊಬ್ಬಳು ಇನ್ನೊಂದು ಕಡೆ ಕಂಕುಳಿಗೆ ಕೈ ಕೊಟ್ಟರು. ಅವಳು ಎದ್ದು ನೆಟ್ಟಗೆ ನಿಂತಳು.

"ಇದೀನಿ" ಅಂದಳು.