ಅಂಟಿಕೊಂಡ ಹಾಳೆ

ಊರೆಲ್ಲ ಮಲಗಿದ ಮೇಲೆ ಹಿತ್ತಾಳೆ ಚೊಂಬಿನೊಳಗೆ ಹುಣಿಸೆಬೀಜ ಬಿದ್ದ ಸದ್ದು ಕೇಳಿಸಿತು. ಹಲ್ಲಿ ಲೊಚಗುಟ್ಟಿದಷ್ಟೇ ಸಣ್ಣ ಸದ್ದು. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಅತ್ತೆಯ ಮಗ್ಗುಲಿಗೆ ಮಲಗಿದ್ದ ಸರ್ವಮಂಗಳೆ ಕಣ್ಣು ಬಿಟ್ಟಳು.

ಪಡಸಾಲೆಯಲ್ಲಿ ಅವಳ ಗಂಡ ಪಂಚಾಕ್ಷರಪ್ಪ ಹರಳೆಣ್ಣೆ ದೀಪದ ಮುಂದೆ ಕುಳಿತು ಇಂಗ್ಲಿಷ್ ಪಾಠ ಉರು ಹೊಡೆಯುತ್ತಿದ್ದ. ಪಾಠವನ್ನು ಮೊದಲಿನಿಂದ ಕೊನೆಯವರೆಗೆ ಒಂದು ಸಲ ಹೇಳಿ ಮುಗಿಸಿದರೆ ಒಂದು ಬೀಜ ಚೊಂಬಿಗೆ. ಹೀಗೆ ರಾತ್ರಿ ರಾತ್ರಿ ಕೂಡುತ್ತ ನೂರೆಂಟು ಬೀಜ ಆದರೆ ಆ ಪಾಠ ಸಿದ್ಧಿಸಿದಂತೆ. ಈ ಕ್ರಮವನ್ನು ಹಾಕಿಕೊಟ್ಟವರು ಅವನ ತಂದೆ ಅಜ್ಜಪ್ಪನವರು. ಚಿತ್ರದುರ್ಗದಲ್ಲಿ ಮನೆ, ಭರಮಸಾಗರದಲ್ಲಿ ಹತ್ತಿ ಅಂಗಡಿ ಇದ್ದ ಅವರಿಗೆ ಇಂಗ್ಲಿಷಿನ ಒಂದಕ್ಷರವೂ ಬಾರದು. ಜಪ ಮಾಡಿದರೆ ಮಂತ್ರವೇ ಒಲಿಯುವಾಗ ಇಂಗ್ಲಿಷ್ ಯಾವ ಗಿಡದ ತಪ್ಪಲು ಎಂಬುದು ಅವರ ಮಾತು. ಮಹಾರಾಜರ ಸರ್ಕಾರ ಹೊಸದಾಗಿ ತಂದಿದ್ದ ಸ್ಕೂಲ್ ಲೀವಿಂಗ್ ಪರೀಕ್ಷೆಯಲ್ಲಿ ಮಗ ಪಾಸಾಗಿ ಅಮಲ್ದಾರ ಕಚೇರಿಯಲ್ಲಿ ಕುರ್ಚಿಯ ಮೇಲೆ ಕೂರಬೇಕೆಂದು ಅವರಿಗೆ ಆಸೆ. ಪರೀಕ್ಷೆಗೆ ಕೂರಲು ಶಾಲೆಯವರು ಹೆಸರು ಕಳಿಸದಿದ್ದರೆ ಅವನು ಅಂಗಡಿಯಲ್ಲಿ ಹತ್ತಿ ತೂಗುತ್ತ ಕೂರಬೇಕು. ಇದನ್ನೂ ಅವರು ಮುಚ್ಚಿಟ್ಟಿರಲಿಲ್ಲ. ಪರೀಕ್ಷೆ ಮುಗಿಯುವ ತನಕ ಸೊಸೆ ತನ್ನ ಮಗ್ಗುಲಲ್ಲೇ ಮಲಗಬೇಕೆಂದು ಅತ್ತೆ ವೀರಮ್ಮ ಕಟ್ಟು ಮಾಡಿದ್ದಳು.

ಆ ರಾತ್ರಿ ಪಂಚಾಕ್ಷರಪ್ಪ ಹೇಳುತ್ತಿದ್ದುದು ಕಡಲ ದಂಡೆಯಲ್ಲಿ ದೀಪ ಕಾಯುವ ಒಬ್ಬ ಮುದುಕನ ಕತೆ. ಗಾಳಿ ಎದ್ದಿದೆ, ಹಡಗೊಂದು ಬಂಡೆಯತ್ತ ಬರುತ್ತಿದೆ, ಮುದುಕ ದೀಪ ಹಿಡಿದು ಮೆಟ್ಟಿಲು ಹತ್ತುತ್ತಾನೆ. ಹತ್ತಿ, ಮೇಣದ ಗೂಡಿನೊಳಗೆ ಮೊಟ್ಟೆ ಇಡುತ್ತಾನೆ. ಆಮೇಲೆ ಕೆಲಸಗಾರ ಹುಳುಗಳು ಬಂದು ಅವನಿಗೆ ಜೇನು ಉಣಿಸುತ್ತವೆ.

ಸರ್ವಮಂಗಳೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಚೊಂಬಿನಲ್ಲಿ ಇನ್ನೊಂದು ಬೀಜ ಬಿತ್ತು.

ಅವಳಿಗೆ ಇಂಗ್ಲಿಷ್ ಬರುತ್ತಿತ್ತು. ಆ ಮನೆಯಲ್ಲಿ ಯಾರಿಗೂ ಅದು ತಿಳಿಯದು. ಅವಳ ತಂದೆ ಹಿರಿಯೂರಿನಲ್ಲಿ ಮೇಷ್ಟ್ರಾಗಿದ್ದವರು. ಗಂಡುಮಕ್ಕಳಿಲ್ಲದ ಅವರು ಸಂಜೆ ಹೊತ್ತು ಮಗಳನ್ನೇ ಎದುರಿಗೆ ಕೂರಿಸಿಕೊಂಡು ಒಂದೊಂದೇ ಪುಸ್ತಕ ಓದಿಸಿದ್ದರು. ಅರ್ಥ ಹೇಳದ ಹೊರತು ಮುಂದಿನ ಸಾಲಿಗೆ ಬಿಡುತ್ತಿರಲಿಲ್ಲ. ಅವರು ತೀರಿಕೊಂಡ ಮೇಲೆ ತಾಯಿ ತವರೂರಾದ ಜವನಗೊಂಡನಹಳ್ಳಿಗೆ ಬಂದು ಮಗಳ ಮದುವೆ ಗೊತ್ತುಮಾಡಿದಾಗ ಮೊದಲು ಹೇಳಿದ ಬುದ್ಧಿಯೇ ಅದು. ಇಂಗ್ಲಿಷ್ ಓದಿದ ಹುಡುಗಿ ಅಂದರೆ ಗಂಡಿನ ಕಡೆಯವರು ಜಂಬಗಾತಿ ಅನ್ನುತ್ತಾರೆ, ಕನ್ನಡ ಅಷ್ಟಿಷ್ಟು ಬರುತ್ತದೆ ಎಂದು ಹೇಳಿದ್ದೇನೆ, ಬಾಯಿ ಬಿಟ್ಟು ನನ್ನ ಮಾತು ಸುಳ್ಳು ಮಾಡಬೇಡ ಎಂದಿದ್ದಳು. ಸರ್ವಮಂಗಳೆ ಬಾಯಿ ಬಿಟ್ಟಿರಲಿಲ್ಲ.

ಮುದುಕ ಯಾಕೆ ಮೊಟ್ಟೆ ಇಡುತ್ತಾನೆಂದು ಮರುದಿನ ಪುಸ್ತಕ ನೋಡಿದಾಗಲೇ ಅವಳಿಗೆ ಗೊತ್ತಾಯಿತು. ಮಹಾನವಮಿಯ ದಿನ ಪುಸ್ತಕಗಳನ್ನೆಲ್ಲ ಜಗುಲಿಯ ಮೇಲಿಟ್ಟು ಪೂಜೆ ಮಾಡಿದ್ದರು. ವಿದ್ಯೆ ಮಗನ ಬಾಯಿಗೆ ಸಿಹಿಯಾಗಿ ಬರಲೆಂದು ವೀರಮ್ಮ ಇಂಗ್ಲಿಷ್ ಪುಸ್ತಕವನ್ನು ಬಿಚ್ಚಿಟ್ಟು, ಬಾಳೆಹಣ್ಣು ಬೆಲ್ಲ ಕಿವುಚಿದ ರಸಾಯನದ ಬಟ್ಟಲನ್ನು ಅದರ ಮೇಲೆಯೇ ಇಟ್ಟಿದ್ದಳು. ಬಟ್ಟಲು ತುಳುಕಿ ಎರಡು ಹಾಳೆ ಅಂಟಿಕೊಂಡಿದ್ದವು. ಮುದುಕನ ಕತೆಯ ಕೊನೆ, ಜೇನುಹುಳುವಿನ ಪಾಠದ ಮೊದಲು, ಎರಡೂ ಒಳಗೆ ಸಿಕ್ಕಿಕೊಂಡಿದ್ದವು. ಶಾಲೆಯಲ್ಲಿ ಆ ಪಾಠಗಳು ನಡೆದಾಗ ಪಂಚಾಕ್ಷರಪ್ಪ ಚಳಿಜ್ವರದಿಂದ ಮಲಗಿದ್ದ. ಎದ್ದ ಮೇಲೆ ಇದ್ದ ಪುಟಕ್ಕೆ ಇದ್ದ ಪುಟ ಸೇರಿಸಿ ಜಪಕ್ಕೆ ಕೂತಿದ್ದ. ಅರ್ಥ ಹುಡುಕಿದ್ದರೆ ಆ ಕ್ಷಣಕ್ಕೇ ಗೊತ್ತಾಗುತ್ತಿತ್ತು. ಅರ್ಥ ಹುಡುಕುವುದು ಒಂದು ಕೆಲಸವೆಂದೇ ಅವನಿಗೆ ಯಾರೂ ಹೇಳಿರಲಿಲ್ಲ.

ಅಂದೇ ಹೇಳಿಬಿಡಬೇಕಿತ್ತು. ಇಂಗ್ಲಿಷ್ ಬರುತ್ತದೆ ಎನ್ನುವ ಗೊಡವೆಯೂ ಬೇಕಿರಲಿಲ್ಲ. ಧೂಳು ಒರೆಸುವಾಗ ಕಂಡೆ, ಇಲ್ಲಿ ಹಾಳೆ ಅಂಟಿದೆ ನೋಡ್ರಿ ಎಂದರೆ ಸಾಕಿತ್ತು. ಅವಳು ಹೇಳಲಿಲ್ಲ. ಅದಕ್ಕೆ ಕಾರಣ ಅಂದು ಬೆಳಿಗ್ಗೆ ನಡೆದ ಒಂದು ಸಣ್ಣ ಮಾತು.

ರೊಟ್ಟಿ ತಟ್ಟುತ್ತಿದ್ದವಳ ಮುಂದೆ ಪಂಚಾಕ್ಷರಪ್ಪ ಪುಸ್ತಕವನ್ನು ತಲೆಕೆಳಗಾಗಿ ಹಿಡಿದು, ತಾಯಿಗೆ ಕಣ್ಣು ಮಿಟುಕಿಸಿ ಕೇಳಿದ್ದ: "ಇದ್ರಾಗೆ ತಲೆ ಯಾವ್ದು, ಕಾಲು ಯಾವ್ದು ಹೇಳು ನೋಡಾನ."

ಗೊತ್ತಿಲ್ಲ ಎಂದು ಅವಳು ತಲೆ ಅಲ್ಲಾಡಿಸಿದ್ದಳು.

"ಅವಳಿಗೇನ್ ಕೇಳ್ತೀಯಲೇ," ಎಂದು ವೀರಮ್ಮ ನಕ್ಕಿದ್ದಳು. "ಇರುವೆ ಸಾಲು ಬಿಟ್ಟಂಗೆ ಕಾಣ್ತೈತೆ ಅವಳಿಗೆ."

ಮೂವರೂ ನಕ್ಕಿದ್ದರು, ಸರ್ವಮಂಗಳೆಯೂ ಸೇರಿ. ಪಂಚಾಕ್ಷರಪ್ಪ ಕೆಟ್ಟವನಲ್ಲ, ಆಡಿದ್ದು ಹುಡುಗಾಟಕ್ಕೆ. ಆದರೆ ಅವಳು ಆ ನಗುವನ್ನು ಎದೆಯಲ್ಲಿ ಇಟ್ಟುಕೊಂಡೇ ಅಂಟಿದ ಹಾಳೆಯನ್ನು ನೋಡಿದ್ದಳು. ನೋಡಿ, ಪುಸ್ತಕವನ್ನು ಇದ್ದ ಹಾಗೆಯೇ ಮುಚ್ಚಿಟ್ಟಿದ್ದಳು. ಇವತ್ತು ಬೇಡ, ನಾಳೆ ಹೇಳೋಣ ಎಂದುಕೊಂಡಳು. ನಾಳೆಯೂ ಅದೇ ಅಂದುಕೊಂಡಳು. ದೀಪಾವಳಿ ಕಳೆಯಿತು, ಸಂಕ್ರಾಂತಿ ಹತ್ತಿರ ಬಂತು. ರಾತ್ರಿ ಮುದುಕ ಮೊಟ್ಟೆಯಿಡುವ ಸಾಲು ಬಂದಾಗಲೆಲ್ಲ ದವಡೆಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡವಳಂತೆ ಅವಳು ಆ ಗುಟ್ಟನ್ನು ಚೀಪುತ್ತಿದ್ದಳು. ಬೆಳಿಗ್ಗೆ ಅವನ ತಟ್ಟೆಗೆ ಬೆಣ್ಣೆ ಹಾಕುವಾಗ ಮಾತ್ರ ಮುಖ ಎತ್ತುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಮೊದಲ ಸೋಮವಾರಕ್ಕೆಂದು ಅಜ್ಜಪ್ಪನವರು ಇಂಗ್ಲಿಷ್ ಮೇಷ್ಟ್ರು ಮುರುಗಪ್ಪನವರನ್ನು ಊಟಕ್ಕೆ ಕರೆದರು. ಪರೀಕ್ಷೆಗೆ ಯಾರ ಹೆಸರು ಹೋಗಬೇಕೆಂದು ಹೇಳುವವರು ಅವರೇ. ಊಟಕ್ಕೆ ಮುಂಚೆ ಹುಡುಗ ಒಂದು ಪಾಠ ಓದಿ ತೋರಿಸಲಿ ಎಂದು ಅವರೇ ಹೇಳಿ ಕಳಿಸಿದ್ದರು. ಯಾವ ಪಾಠ ಎಂದು ಅಜ್ಜಪ್ಪನವರು ಕೇಳಿದ್ದಕ್ಕೆ ಪಂಚಾಕ್ಷರಪ್ಪ ತನಗೆ ಚೆನ್ನಾಗಿ ಸಿದ್ಧಿಸಿದ್ದನ್ನೇ ಆರಿಸಿಕೊಂಡ. ದೀಪ ಕಾಯುವ ಮುದುಕನದು.

ಅದನ್ನು ಕೇಳಿದಾಗ ಸರ್ವಮಂಗಳೆ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು. ಭಾನುವಾರ ಮಧ್ಯಾಹ್ನ ಗಂಡ ಹೊಂಡದ ಕಡೆ ಸ್ನಾನಕ್ಕೆ ಹೋಗಿದ್ದ. ವೀರಮ್ಮ ಊಟ ಮಾಡಿ ಮಲಗಿದ್ದಳು. ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಅವಳು ಪುಸ್ತಕ ತಂದು ಅಂಟಿದ ಹಾಳೆಗಳನ್ನು ಹಬೆಗೆ ಹಿಡಿದಳು. ಬೆಲ್ಲ ಕರಗಿ ಹಳೆಯ ಪೂಜೆಯ ವಾಸನೆ ಬಂತು. ತೆಂಗಿನಕಡ್ಡಿಯನ್ನು ತೂರಿಸಿ ಒಂದಿಷ್ಟೂ ಹರಿಯದಂತೆ ಬಿಡಿಸಿದಳು. ನಡುವೆ ಬಟ್ಟೆಯಿಟ್ಟು, ಮೇಲೆ ರುಬ್ಬುಗುಂಡು ಹೇರಿ ಒಣಗಿಸಿ, ಅವನು ಬರುವಷ್ಟರಲ್ಲಿ ಗೂಡಿನಲ್ಲಿಟ್ಟಳು. ಇವತ್ತು ರಾತ್ರಿ ಪುಟ ತಿರುಗಿಸುವಾಗ ತಾನೇ ಕಾಣುತ್ತಾನೆ, ಯಾರೂ ಏನೂ ಹೇಳಬೇಕಾಗಿಲ್ಲ, ತಾನು ಬಾಯಿ ತೆರೆಯಬೇಕಾಗಿಲ್ಲ ಎಂದು ಅವಳಿಗೆ ಎಷ್ಟೋ ಹಗುರವಾಯಿತು.

ರಾತ್ರಿ ಬೀಜ ಬೀಳತೊಡಗಿತು. ಮುದುಕ ಮೆಟ್ಟಿಲು ಹತ್ತಿದ, ಮೊಟ್ಟೆ ಇಟ್ಟ. ಅವಳು ಎದ್ದು ಬಾಗಿಲ ಸಂದಿಯಿಂದ ನೋಡಿದಳು. ಪುಸ್ತಕ ಮುಚ್ಚಿತ್ತು. ಅವನು ಕಣ್ಣು ಮುಚ್ಚಿ, ಇಷ್ಟಲಿಂಗ ಪೂಜೆಗೆ ಕೂತವನ ಹಾಗೆ ನೆಟ್ಟಗೆ ಕೂತು ಹೇಳುತ್ತಿದ್ದ. ಹಿಂದೆ ಅತ್ತೆ ಮಗ್ಗುಲು ಬದಲಿಸಿ, ಯಾಕೆ ಎದ್ದೆ ಎಂದಳು. ನೀರು ಕುಡಿಯಲು ಎಂದು ಸರ್ವಮಂಗಳೆ ಮರಳಿ ಮಲಗಿದಳು.

ಸೋಮವಾರ ಹೋಳಿಗೆಯ ಹೂರಣ ರುಬ್ಬುತ್ತ, ಹಿಟ್ಟು ನಾದುತ್ತ, ಗಂಡ ಒಬ್ಬನೇ ಸಿಕ್ಕಾನೆಯೇ ಎಂದು ಅವಳು ಬಾಗಿಲ ಕಡೆ ನೋಡಿದ್ದೇ ನೋಡಿದ್ದು. ಒಂದು ಸಲ ಸಿಕ್ಕಿದ. ಕೈತೊಳೆಯಲು ಹಿತ್ತಿಲಿಗೆ ಬಂದಿದ್ದ. ಅವನ ಮುಖದಲ್ಲಿ ಎಂಥ ಗೆಲುವಿತ್ತೆಂದರೆ ಅವಳ ಬಾಯಿಗೆ ಬಂದ ಮಾತು ಹಿಂದೆ ಹೋಯಿತು. ಅಲ್ಲ, ಗೆಲುವಿಗಲ್ಲ. ನಿನಗೆ ಹೇಗೆ ಗೊತ್ತು ಎಂದು ಕೇಳಿದರೆ ಏನು ಹೇಳುವುದೆಂಬ ಹೆದರಿಕೆಗೆ.

ಮೇಷ್ಟ್ರು ಬಂದು ಕಂಬಳಿಯ ಮೇಲೆ ಕುಳಿತರು. ಅಜ್ಜಪ್ಪನವರು, "ಕುಂತ್ಕಳ್ರಿ, ಒರಗ್ಕಳ್ರಿ," ಎಂದು ದಿಂಬು ಕೊಟ್ಟರು. ಸರ್ವಮಂಗಳೆ ಅಡುಗೆಮನೆಯ ಬಾಗಿಲ ಮರೆಗೆ ನಿಂತಳು. ಪಂಚಾಕ್ಷರಪ್ಪ ಪುಸ್ತಕ ಬಿಚ್ಚಿ ಮೇಷ್ಟ್ರ ಮುಂದೆ ಇಟ್ಟು, ತಾನು ಪಕ್ಕದಲ್ಲಿ ಕೂತು, ಕಣ್ಣನ್ನು ಅಕ್ಷರದ ಮೇಲೆ ಆಡಿಸುತ್ತ ಶುರುಮಾಡಿದ. ಸ್ವರ ಗಟ್ಟಿಯಾಗಿತ್ತು, ಎಲ್ಲೂ ತಡವರಿಸಲಿಲ್ಲ. ಅಜ್ಜಪ್ಪನವರು ತಾಳ ಹಾಕುವಂತೆ ತೊಡೆ ತಟ್ಟುತ್ತಿದ್ದರು. ಮೇಷ್ಟ್ರ ಬೆರಳು ಸಾಲಿನ ಕೆಳಗೆ ಸರಿಯುತ್ತಿತ್ತು. ಪುಟದ ಕೊನೆಗೆ ಬಂತು. ಅವರು ಹಾಳೆ ತಿರುಗಿಸಿದರು. ಬೆರಳು ನಿಂತಿತು, ಸ್ವರ ಮುಂದೆ ಹೋಯಿತು. ತೆರೆದ ಪುಟದಲ್ಲಿ ಮುದುಕ ಗಂಟೆ ಬಾರಿಸಿ ಹಡಗನ್ನು ಉಳಿಸುತ್ತಿದ್ದ. ಪಂಚಾಕ್ಷರಪ್ಪನ ಬಾಯಲ್ಲಿ ಮೊಟ್ಟೆ ಇಡುತ್ತಿದ್ದ.

ಮೇಷ್ಟ್ರು ಸ್ವಲ್ಪ ಹೊತ್ತು ಕಾದು ಕೈ ಎತ್ತಿದರು. "ಏನಪ್ಪ, ಈ ಎರಡು ಪುಟ ಎಲ್ಲಿಗೆ ಹೋದ್ವು?"

ಪಂಚಾಕ್ಷರಪ್ಪ ಬಗ್ಗಿ ನೋಡಿದ. ಹಾಳೆಯನ್ನು ಮುಂದೆ ತಿರುಗಿಸಿದ, ಹಿಂದೆ ತಿರುಗಿಸಿದ. ಅವನ ಕಿವಿ ಕೆಂಪಾದವು.

"ಈ ಪುಟ ನನ್ನ ಪುಸ್ತಕದಾಗೆ ಇರ್ಲಿಲ್ಲ ಮೇಷ್ಟ್ರೆ."

"ಇರ್ಲಿಲ್ಲ ಅಂದ್ರೆ?" ಅಜ್ಜಪ್ಪನವರ ತೊಡೆಯ ಮೇಲಿನ ಕೈ ನಿಂತಿತು. "ರಾತ್ರಿ ಯಾರಾನ ಬಂದು ಹೊಲ್ದು ಹೋದ್ರೇನ್ಲೇ?"

ಹಾಳೆ ಅಂಟಿಯೇ ಇದ್ದಿದ್ದರೆ ಮೇಷ್ಟ್ರ ಬೆರಳಿಗೇ ಅದು ಸಿಗುತ್ತಿತ್ತು. ಬೆಲ್ಲದ ಕೆಲಸ ನೋಡ್ರಿ ಎಂದು ಎಲ್ಲರೂ ನಕ್ಕುಬಿಡುತ್ತಿದ್ದರು. ಸರ್ವಮಂಗಳೆ ಬಾಗಿಲ ತೋಳು ಹಿಡಿದುಕೊಂಡಳು. ಹೊರಗೆ ಹೋಗಿ ಒಂದು ಮಾತು ಹೇಳಿದರೆ ಅವನು ಸುಳ್ಳುಗಾರನಲ್ಲವೆಂದಾಗುತ್ತಿತ್ತು. ಅವಳು ಹೋಗಲಿಲ್ಲ.

ಮೇಷ್ಟ್ರು ಒಂದು ಸಾಲಿಗೆ ಅರ್ಥ ಕೇಳಿದರು. ಪಂಚಾಕ್ಷರಪ್ಪ ಆ ಸಾಲನ್ನೇ ಇನ್ನೊಮ್ಮೆ ಓದಿದ. ಇನ್ನೊಂದು ಸಾಲು ಕೇಳಿದರು. ಆಮೇಲೆ ಪುಸ್ತಕ ಮುಚ್ಚಿ, ಮೆಲ್ಲಗೆ ಹೇಳಿದರು: "ತಿಳೀದೆ ಓದಾದಕ್ಕೆ ಮದ್ದೈತೆ ಕಣಪ್ಪ. ಪುಟ ಇರ್ಲಿಲ್ಲ ಅಂತ ಸುಳ್ಳು ಹೇಳಾದಕ್ಕೆ ನಾನೇನ್ ಮದ್ದು ಕೊಡ್ಲಿ?"

ಅವನು ಪುಸ್ತಕ ತೆಗೆದುಕೊಂಡು ನೀರಿನ ನೆವದಲ್ಲಿ ಒಳಗೆ ಬಂದ. ವೀರಮ್ಮ ಹಿತ್ತಿಲಲ್ಲಿ ಎಲೆ ತೊಳೆಯುತ್ತಿದ್ದಳು. ಅವನು ಕಿಟಕಿಯ ಬೆಳಕಿಗೆ ಆ ಹಾಳೆಗಳನ್ನು ಹಿಡಿದ. ಎರಡೂ ನೆನೆದು ಒಣಗಿ ಸುಕ್ಕಾಗಿದ್ದವು. ಎರಡರ ಮೇಲೂ ಎದುರುಬದುರಾಗಿ ಒಂದೇ ಆಕಾರದ ಕಂದು ಕಲೆ. ಮೂಸಿ ನೋಡಿದ.

"ಇದನ್ನ ಬಿಡಿಸಿದ್ಯಾರು?"

"ನಾನು," ಎಂದಳು.

"ಅಂಟಿತ್ತು ಅಂತ ನಿನಗೆಂಗೆ ಗೊತ್ತಾತು?"

ಸುಳ್ಳೊಂದು ಸಿದ್ಧವಾಗಿತ್ತು, ಧೂಳು ಒರೆಸುವಾಗ ಕಂಡೆ ಎಂಬುದು. ಆದರೆ ಅವನ ಮುಖ ನೋಡಿ ಅದು ಬಾಯಿಗೆ ಬರಲಿಲ್ಲ. "ದಿನಾ ಕೇಳ್ತಿದ್ದೆ," ಎಂದಳು. "ಮುದುಕ ಮೊಟ್ಟೆ ಇಡ್ತಿದ್ದ."

ಅದು ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅವನು ಅವಳನ್ನು ನೋಡಿದ, ಪುಸ್ತಕವನ್ನು ನೋಡಿದ. ತಲೆಕೆಳಗಾಗಿ ಹಿಡಿದು ಕೇಳಿದ್ದ ಆ ಬೆಳಿಗ್ಗೆ ಅವನಿಗೂ ನೆನಪಾಯಿತೆಂದು ಅವಳಿಗೆ ತಿಳಿಯಿತು.

"ಯಾವಾಗಿಂದ?"

"ದೀಪಾವಳಿಗೂ ಮುಂಚೆಯಿಂದ."

ಬೈದಿದ್ದರೆ ಚೆನ್ನಾಗಿತ್ತು. ಅವನು ಪುಸ್ತಕವನ್ನು ಒಲೆಯ ಪಕ್ಕದ ಗೂಡಿನಲ್ಲಿಟ್ಟು, ನೀರು ಕುಡಿಯದೆ ಹೊರಗೆ ಹೋದ. ಈಗ ಹೇಳುತ್ತಾನೆ, ಈಗ ಮಾವ ಕೂಗುತ್ತಾರೆ ಎಂದು ಅವಳು ಗೋಡೆಗೆ ಒರಗಿ ಕಾದಳು.

"ಪುಟ ಇತ್ತು ಮೇಷ್ಟ್ರೆ," ಎಂದ ಅವನ ಸ್ವರ ಕೇಳಿಸಿತು. "ನಾನೇ ನೋಡಿರ್ಲಿಲ್ಲ. ಸುಳ್ಳು ಹೇಳ್ದೆ."

ಮೇಷ್ಟ್ರು ಪೂಜೆ ಮಾಡಿಕೊಂಡು ಊಟ ಮಾಡಿದರು. ಹೋಳಿಗೆ ಮೆದುವಾಗಿದೆ ಎಂದರು. ಹೋಗುವಾಗ, ಈ ಸಲ ಹೆಸರು ಬೇಡ, ಮುಂದೆ ನೋಡೋಣ ಎಂದು ಅಜ್ಜಪ್ಪನವರ ಭುಜ ಮುಟ್ಟಿ ಹೇಳಿದರು.

ಆ ವಾರವೇ ಪಂಚಾಕ್ಷರಪ್ಪ ಗಾಡಿ ಹತ್ತಿ ಭರಮಸಾಗರಕ್ಕೆ ಹೊರಟ. ಬಟ್ಟೆಗಂಟು ಕೊಡಲು ಬಾಗಿಲಿಗೆ ಬಂದ ಅವಳನ್ನು ಅವನು ನೋಡಲೂ ಇಲ್ಲ, ನೋಡದಿರಲೂ ಇಲ್ಲ. ಮುಂದಿನ ವರ್ಷದ ಮಾತನ್ನು ಅಜ್ಜಪ್ಪನವರು ಎತ್ತಲಿಲ್ಲ. ಪಾಸಾಗದಿದ್ದರೆ ಪೀಡೆ ಹೋಯಿತು, ಮನೆಯಲ್ಲಿ ಸುಳ್ಳು ಹುಟ್ಟಿತಲ್ಲ ಎಂದಷ್ಟೇ ಮೂರು ದಿನ ಆಡಿಕೊಂಡು ತಿರುಗಿದರು.

ವೀರಮ್ಮ ಚೊಂಬಿನ ಹುಣಿಸೆಬೀಜಗಳನ್ನು ಹೆಂಚಿಗೆ ಸುರಿದು ಹುರಿಯಲು ಕೂತಳು. ಸೊಸೆಯನ್ನು ಹತ್ತಿರ ಕರೆದು ಕೂರಿಸಿಕೊಂಡಳು. ಅತ್ತೆಯ ಕಣ್ಣುಗಳು ಕೆಂಪಾಗಿದ್ದವು.

"ಅವ್ನು ಹುಟ್ಟಿದಾಗಿಂದ ಸುಳ್ಳಾಡಿದೋನಲ್ಲ ಕಣೆ. ಅವತ್ತು ಪುಟ ಇರ್ಲಿಲ್ಲ ಅಂತ ಯಾಕಂದ? ಒಳಗೆ ಬಂದಾಗ ನಿನ್ನ ತಾವ ಏನಾನ ಅಂದ್ನಾ?"

ಬೀಜಗಳು ಸಿಡಿಯತೊಡಗಿದವು. ಹೇಳಿದರೆ ಅವನ ಮೇಲಿನ ಮಾತು ಹೋಗುತ್ತಿತ್ತು. ಹೇಳಿದರೆ ಹಾಳೆ ಅಂಟಿದ್ದು ನಿಮ್ಮ ರಸಾಯನದಿಂದ ಎಂದೂ ಹೇಳಬೇಕಾಗುತ್ತಿತ್ತು, ಈ ಹೆಂಗಸು ಸಾಯುವ ತನಕ ಕೊರಗುತ್ತಾಳೆ ಎಂದುಕೊಂಡಳು. ತಾನಾಗಿ ಸುಳ್ಳುಗಾರನೆಂದು ಒಪ್ಪಿಕೊಂಡು ಹೋದವನ ಮಾತನ್ನು ತಾನು ಮುರಿಯಬಾರದು ಎಂದೂ ಅಂದುಕೊಂಡಳು. ಎರಡೂ ಒಳ್ಳೆಯ ಕಾರಣಗಳೇ. ಎರಡನ್ನೂ ತಾನು ಹುಡುಕಿ ತಂದದ್ದು ಹೆದರಿಕೆಗೆ ಹೊದಿಸಲಿಕ್ಕೆ ಎಂಬುದೂ ಅವಳಿಗೆ ಗೊತ್ತಿತ್ತು.

"ಏನೂ ಅನ್ನಲಿಲ್ಲ ಅತ್ತೆ," ಎಂದಳು ಸರ್ವಮಂಗಳೆ. ಹೆಂಚಿನ ಮೇಲೆ ಬೀಜ ಹೊರಳಿಸುತ್ತ, ಇದನ್ನು ಇನ್ನು ಯಾರಿಗೂ ಹೇಳುವುದಿಲ್ಲ, ತಾಯಿಗೂ ಹೇಳುವುದಿಲ್ಲ ಎಂದು ನಿಶ್ಚಯ ಮಾಡಿಕೊಂಡಳು.