ಹಗ್ಗ ಮುಟ್ಟಿದವರ ಪಾಲು

ಕೋಡಿಬಾಗದ ಇನಾಸನಿಗೆ ಎರಡು ವಿಷಯದಲ್ಲಿ ಜಂಬವಿತ್ತು. ಬೈತಖೋಲ ಬಂದರಿನಲ್ಲಿ ತನ್ನಷ್ಟು ಚೆಂದ ಬೋಟು ನಡೆಸುವ ತಾಂಡೇಲ ಇನ್ನೊಬ್ಬನಿಲ್ಲ ಎಂಬುದು ಒಂದು. ಯಾರ ಹಂಗಿನಲ್ಲೂ ತುತ್ತು ಉಂಡವನಲ್ಲ ಎಂಬುದು ಇನ್ನೊಂದು. ‘ಕೈ ಕೆಸರಾದರೆ ಬಾಯಿ ಮೊಸರು’ ಎಂದು ಬೋಟಿನವರಿಗೆ ಅವನು ಎಷ್ಟು ಸಲ ಹೇಳಿದ್ದನೆಂದರೆ, ಅವನು ‘ಕೈ’ ಎನ್ನುವಷ್ಟರಲ್ಲಿ ಉಳಿದದ್ದನ್ನು ಅವರೇ ಮುಗಿಸುತ್ತಿದ್ದರು. ದೇವರ ಜೊತೆಗೂ ಅವನದು ಇದೇ ವ್ಯವಹಾರ. ಭಾನುವಾರ ಇಗರ್ಜಿಯ ಪೂಜೆ ತಪ್ಪಿಸುತ್ತಿರಲಿಲ್ಲ, ಹಬ್ಬಕ್ಕೆ ಮೇಣದ ಬತ್ತಿ ತಪ್ಪಿಸುತ್ತಿರಲಿಲ್ಲ. ಪ್ರತಿಯಾಗಿ ಯೇಸುಸ್ವಾಮಿ ಬಲೆ ತುಂಬಿಸಬೇಕು. ತುಂಬಿಸುತ್ತಲೂ ಇದ್ದ. ಇಬ್ಬರೂ ಮಾತಿಗೆ ತಪ್ಪದ ಗಂಡಸರು ಎಂದು ಇನಾಸ ನಂಬಿಕೊಂಡಿದ್ದ.

ಎರಡು ಸಾವಿರದ ಆರನೇ ಇಸವಿಯ ಮಳೆಗಾಲದಲ್ಲಿ ಅವನಿಗೆ ಲಕ್ವಾ ಹೊಡೆಯಿತು. ಬಲಗೈ ಬಿದ್ದುಹೋಯಿತು, ಬಲಗಾಲು ಎಳೆಯತೊಡಗಿತು. ನಾರಳ ಹುಣ್ಣಿಮೆ ಕಳೆದು ಬೋಟುಗಳೆಲ್ಲ ಕಡಲಿಗಿಳಿದಾಗ ಅವನ ಬೋಟು ಬೇರೆ ತಾಂಡೇಲನ ಕೈಗೆ ಹೋಗಿತ್ತು. ಕೈ ಸರಿಯಾದರೆ ಗೋವೆಯ ಸಾಯ್ಬ ಎಂಬ ಸಂತನ ಹಬ್ಬಕ್ಕೆ ನಡೆದೇ ಬರುತ್ತೇನೆಂದು ಹರಕೆ ಹೊತ್ತ. ಕಾಲೆಳೆಯುವವನು ಗೋವೆಗೆ ಹೇಗೆ ನಡೆದಾನು ಎಂದು ದೇವರೇ ಯೋಚಿಸಿದನೋ ಏನೋ, ಕೈ ಏಳಲಿಲ್ಲ.

ಬೋಟಿನ ಕಾನೂನು ಇನಾಸನಿಗೆ ಬಾಯಿಪಾಠ: ದುಡಿಯದವನಿಗೆ ಪಾಲಿಲ್ಲ. ದೇವರೂ ತನ್ನನ್ನು ಬೋಟಿನಿಂದ ಇಳಿಸಿದ್ದಾನೆ ಎಂದು ಅವನು ತೀರ್ಮಾನಿಸಿಬಿಟ್ಟ. ಸಂಜೆ ಹೆಂಡತಿ ನತಾಲಿನ್ ಜಪಮಣಿ ಹಿಡಿದು ಕೂತರೆ ಇವನು ದೇವರ ಆಲ್ತಾರಿಗೆ ಬೆನ್ನು ಹಾಕಿ ಜಗುಲಿಯಲ್ಲಿ ಕೂರುತ್ತಿದ್ದ. ಪಕ್ಕದ ಮನೆಯ ಗಂಗಮ್ಮ ಒಂದು ಪಾತ್ರೆ ತಾರ್ಲೆ ಮೀನು ಕಳಿಸಿದರೆ, ಪಾತ್ರೆ ಸಮೇತ ವಾಪಸ್ಸು. ಯಾರು ಏನು ಕೊಟ್ಟರೂ ನತಾಲಿನ್‌ಳೇ ಹಿಂತಿರುಗಿಸಿ ಬರಬೇಕು. ಅವಳು ಗಂಜಿಗೆ ಮಾವಿನ ಉಪ್ಪಿನಕಾಯಿ ಹಾಕಿಕೊಂಡು ಉಂಡು ಉಂಡು ಬೇಸತ್ತಿದ್ದಳು.

“ದೇವ್ರೆಂದ್ರೆ ನಿಮ್ಮ ಬೋಟಿನ ಮಾಲಕ ಅಂದ್ಕಂಡೀರಾ? ಅವ ಅಪ್ಪ,” ಎಂದಳು ಒಂದು ಬೆಳಿಗ್ಗೆ. “ಹುಟ್ಟಿಸಿದ ದೇವ್ರು ಹುಲ್ಲು ಮೇಯಿಸ್ತಾನಾ? ಕಡಲ ದಂಡೇಲಿ ಎಂಡಿ ಬಲೆ ಎಳೀತಿದ್ರು. ಹೋಗಿ ಸ್ವಲ್ಪ ಗಾಳಿಯಾದ್ರೂ ಕುಡ್ದು ಬನ್ನಿ, ನನ್ನ ತಲೆ ತಿನ್ಬೇಡಿ.”

ಎಂಡಿ ಬಲೆಯೆಂದರೆ ರಂಪಣಿಯೆಂಬ ದೊಡ್ಡ ಬಲೆಯ ತಂಗಿ. ದೋಣಿಯಲ್ಲಿ ಬಲೆಯನ್ನು ಕಡಲಿಗೆ ಬಿಟ್ಟು, ಅದರ ಹಗ್ಗವನ್ನು ದಂಡೆಯಲ್ಲಿ ನಿಂತ ಹೆಂಗಸು ಗಂಡಸರೆಲ್ಲ ಸೇರಿ ಎಳೆಯುವುದು. ಅದನ್ನು ಎಳೆಯುವವರನ್ನು ಇನಾಸ ಜೀವಮಾನವಿಡೀ ‘ದಂಡೆಯ ಏಡಿಗಳು’ ಎಂದು ಗೇಲಿ ಮಾಡಿದವನು. ಈಗ ಕೋಲೂರಿಕೊಂಡು ಆ ಏಡಿಗಳ ಹತ್ತಿರವೇ ಹೋಗಿ ನಿಂತ. ಬಲೆಯ ಯಜಮಾನ ಜಟ್ಟು ಹಗ್ಗ ಬಿಡದೆ ಕೂಗಿದ.

“ತಾಂಡೇಲ್ರೇ, ಬನ್ನಿ. ಕೈ ಹಚ್ಚಿ.”

“ಯಾವ ಕೈ ಹಚ್ಲೋ ಜಟ್ಟು?”

“ಇದ್ದ ಕೈ ಹಚ್ಚಿ ಮಾರಾಯ್ರೇ!”

ಎಲ್ಲರೂ ನೋಡುತ್ತಿದ್ದರು. ಇನಾಸ ಎಡಗೈಯಲ್ಲಿ ಹಗ್ಗ ಹಿಡಿದ. ಅವನು ಹಗ್ಗ ಎಳೆದದ್ದು ಸುಳ್ಳು, ಹಗ್ಗವೇ ಅವನನ್ನು ನೀರಿಗೆ ಎಳೆದುಕೊಂಡು ಹೋಯಿತು. ಹಟ್ಟಿಕೇರಿಗೆ ಕೊಟ್ಟಿದ್ದ ಜಟ್ಟುವಿನ ಮಗಳು ನೀತಾ ಹೆರಿಗೆಗೆಂದು ತವರಿಗೆ ಬಂದಿದ್ದಳು. ಅವಳೂ ತುಂಬಿದ ಹೊಟ್ಟೆ ಹೊತ್ತು ನಿಧಾನಕ್ಕೆ ಬಂದು, ಹಗ್ಗ ಮುಟ್ಟಿ ಕಣ್ಣಿಗೊತ್ತಿಕೊಂಡು ಪಕ್ಕಕ್ಕೆ ಸರಿದಳು.

ಬಲೆಯ ಹೊಟ್ಟೆ ದಂಡೆಗೆ ಬಂತು. ಮೊಳಕಾಲುದ್ದದ ನೀರು ಇದ್ದಕ್ಕಿದ್ದಂತೆ ಕುದಿಯತೊಡಗಿತು. ಬಾಂಗಡೆ! ಇನಾಸ ಬಾಂಗಡೆ ಕಾಣದವನಲ್ಲ, ಆದರೆ ಎತ್ತರದ ಬೋಟಿನ ಮೇಲಿನಿಂದ, ಯಂತ್ರದ ಸದ್ದಿನಲ್ಲಿ ಕಂಡಿದ್ದ. ಅವುಗಳ ನಡುವೆ ನಿಂತದ್ದು ಇದೇ ಮೊದಲು. ಹಸಿರು ಬೆನ್ನು, ಬೆಳ್ಳಿ ಹೊಟ್ಟೆ, ಬಿಸಿಲು ಬಿದ್ದಲ್ಲೆಲ್ಲ ಮಿಂಚು. ಕಾಲಿಗೆ, ಜೀವವಿಲ್ಲದ ಕೈಗೆ ಬಡಿಯುತ್ತಿದ್ದವು. ಇವುಗಳಲ್ಲಿ ಒಂದಕ್ಕಾದರೂ ನಾನು ಕೂಳು ಹಾಕಿ ಸಾಕಿದ್ದೇನೆಯೇ ಎಂಬ ಪ್ರಶ್ನೆ ಎಲ್ಲಿಂದಲೋ ಬಂತು. ಅವನಿಗೆ ಹೆದರಿಕೆಯಾಯಿತು. ಇಗರ್ಜಿಯಲ್ಲಿ ಗಂಟೆ ಬಾರಿಸಿ ಎಲ್ಲರೂ ಮೊಣಕಾಲೂರಿದಾಗ ಆಗಬೇಕಾದ ಹೆದರಿಕೆ ಅದು. ಅಲ್ಲಿ ಅವನಿಗೆ ಒಂದು ದಿನವೂ ಆಗಿರಲಿಲ್ಲ.

ಜಟ್ಟು ಮರಳಿನ ಮೇಲೆ ಪಾಲು ಹಾಕುತ್ತ ಬಂದ. ಹಗ್ಗ ಮುಟ್ಟಿದ ಒಬ್ಬೊಬ್ಬರ ಮುಂದೆಯೂ ಒಂದು ಗುಪ್ಪೆ. ಇನಾಸನ ಮುಂದೆ ಒಂದು ಹಾಕಿದ. ಅದರ ಪಕ್ಕದಲ್ಲೇ ಇನ್ನೊಂದು. ಆಮೇಲೆ ಅದರಾಚೆ ನಿಂತ ನೀತಾಳ ಮುಂದೆ ಒಂದು.

ಇನಾಸನ ಸಿಟ್ಟು ನೆತ್ತಿಗೇರಿತು. “ಇದೆಂತದೋ, ಎರಡೆರಡು? ಕೈಲಾಗದವ ಅಂತ ಧರ್ಮ ಮಾಡ್ತ್ಯಾ?” ಎಂದವನೇ ಪಕ್ಕದ ಗುಪ್ಪೆಯನ್ನು ಕೋಲಿನಿಂದ ತಳ್ಳಿಬಿಟ್ಟ. ಮೀನು ಮರಳಿನಲ್ಲಿ ಚೆಲ್ಲಾಡಿತು.

ಜಟ್ಟು ಸಿಟ್ಟಾಗಲಿಲ್ಲ. “ತಾಂಡೇಲ್ರೇ, ಅದು ನಿಮ್ದಲ್ಲ. ನೀತಾಳ ಹೊಟ್ಟೇಲಿದ್ದ ಕೂಸಿಂದು.”

“ಕೂಸಿಂದಾ? ಅದೆಂತ ಎಳೆದದೆ?”

“ಹುಟ್ಲೇ ಇಲ್ಲ, ಎಂತ ಎಳೀತದೆ? ನಮ್ಮ ಬಲೇಲಿ ಹೊಟ್ಟೇಲಿದ್ದವ್ಕೂ ಪಾಲು ಅದೆ. ನಮ್ಮಜ್ಜನ ಕಾಲದಿಂದ ಹೀಂಗೇ. ಬರೂದಂತೂ ಖರೆ ಅಲ್ವಾ, ಬರೂಕೆ ಮೊದ್ಲೇ ತೆಗ್ದಿಡೂದು.”

ಹೆಂಗಸರು ಕಿಸಕ್ಕನೆ ನಕ್ಕರು. ಇನಾಸ ಮಾತ್ರ ಆ ಕೂಸಿನ ಲೆಕ್ಕ ಹಾಕಿದ. ಹೆಸರಿಲ್ಲ, ಹೆಣ್ಣೋ ಗಂಡೋ ಗೊತ್ತಿಲ್ಲ. ಪೂಜೆ ಮಾಡಿದ್ದಿಲ್ಲ, ಹರಕೆ ಹೊತ್ತದ್ದಿಲ್ಲ. ಆದರೂ ಅದರ ಪಾಲು ಅವನ ಪಾಲಿನಷ್ಟೇ ಇತ್ತು. ದೇವರು ಮೊದಲೇ ಪ್ರೀತಿಸಿದ್ದಾನೆ, ಶಿಲುಬೆಯ ಮೇಲೆ ಜೀವ ಕೊಟ್ಟದ್ದು ಯಾರ ದುಡಿಮೆಗೂ ಕೂಲಿಯಾಗಿ ಅಲ್ಲ ಎಂದು ಪಾದ್ರಿಗಳು ಎಷ್ಟು ವರ್ಷ ಹೇಳಿದ್ದರು! ಇನಾಸ ಅಷ್ಟೂ ವರ್ಷ ಮುಂದಿನ ಸಾಲಿನಲ್ಲೇ ಕೂತು ತೂಕಡಿಸಿದ್ದ. ಈಗ ಅದು ಕೇಳಿಸಿತು. ತಾನೂ ಒಂದು ದಿನ ತಾಯಿಯ ಹೊಟ್ಟೆಯಲ್ಲಿದ್ದೆ, ಕೈ ಇನ್ನೂ ಮೂಡಿರಲಿಲ್ಲ, ಆಗಲೂ ಒಬ್ಬ ತನ್ನನ್ನು ಲೆಕ್ಕಕ್ಕೆ ಹಿಡಿದಿದ್ದ. ಈ ಕಡಲು, ಈ ಮೀನು, ನತಾಲಿನ್, ಎಲ್ಲವೂ ಆಗಲೇ ತೆಗೆದಿಟ್ಟದ್ದು. ತಾನು ಸಂಪಾದಿಸಿದೆ ಅಂದುಕೊಂಡಿದ್ದನಲ್ಲ, ಮೂರ್ಖ.

ಅವನು ಕಷ್ಟಪಟ್ಟು ಮೊಣಕಾಲೂರಿದ. ಚೆಲ್ಲಿದ ಬಾಂಗಡೆಗಳನ್ನು ಎಡಗೈಯಿಂದ ಒಂದೊಂದಾಗಿ ಆರಿಸಿ, ತೆರೆಯ ನೀರಿನಲ್ಲಿ ಮರಳು ತೊಳೆದು, ಕೂಸಿನ ಗುಪ್ಪೆಗೆ ಮರಳಿ ಇಟ್ಟ. ಅಳುತ್ತಿದ್ದ. ಅಳುವುದನ್ನು ಮುಚ್ಚಿಡಬೇಕೆಂದು ಅವನಿಗೆ ಅನ್ನಿಸಲೂ ಇಲ್ಲ. ಯಾರೂ ಸಹಾಯಕ್ಕೆ ಹೋಗಲಿಲ್ಲ, ಹೋಗಬಾರದೆಂದು ಅವರಿಗೆ ತಿಳಿಯಿತು.

ಮನೆಯ ಬಾಗಿಲಲ್ಲಿ ನತಾಲಿನ್ ಅವನ ಹೆಗಲಿಗೆ ತೂಗಿದ ಚೀಲದಿಂದ ಇಣುಕುವ ಬಾಲಗಳನ್ನು ಕಂಡು ಗಾಬರಿಯಾದಳು.

“ದೇವಾ! ಯಾರು ಕೊಟ್ರು? ವಾಪಸ್ಸು ಕೊಟ್ಟು ಬರ್ಲಾ?”

“ಬೇಡ,” ಎಂದ ಇನಾಸ. “ನಂದೇ ಪಾಲು. ನೀ ಹೇಳಿದ ಆ ಅಪ್ಪ, ನಾ ಹುಟ್ಟೂಕೆ ಮೊದ್ಲೇ ತೆಗ್ದಿಟ್ಟಿದ್ದ.”